ಬಸ್ಸು ಹೋಗುವ ದಾರಿ, ನಮ್ಮ ಮ್ಯಾಪು

ಕ್ಯಾರವಾನ್ ಕೊಂಡವರಾಗಲಿ, ನಾಲ್ಕು ದಿನಕ್ಕೆಂದು ಬಾಡಿಗೆಗೆ ತೆಗೆದವರಾಗಲಿ ಕೇಳುವ ಮೊದಲ ಪ್ರಶ್ನೆ ಹಾಸಿಗೆಯದ್ದಲ್ಲ, ನೀರಿನ ಟ್ಯಾಂಕಿನದ್ದೂ ಅಲ್ಲ. ದಾರಿಗೆ ಯಾವ ಆ್ಯಪ್ ಹಾಕಿಕೊಳ್ಳಲಿ ಎಂಬುದು. ಕಾರಿನವರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ. ತಪ್ಪಿದರೆ ರಿವರ್ಸ್ ಹಾಕಿ ತಿರುಗಿಸಿಕೊಂಡು ಬರುತ್ತಾರೆ. ಎರಡು ಬದಿಗೂ ತೆಂಗಿನ ತೋಟದ ಬೇಲಿ ಒತ್ತಿಕೊಂಡಿರುವ ಓಣಿಗೆ ಮಿನಿ ಬಸ್ಸಿನಷ್ಟು ದೊಡ್ಡ ಗಾಡಿ ಒಮ್ಮೆ ನುಗ್ಗಿದರೆ ತಿರುಗಿಸುವ ಮಾತೇ ಇಲ್ಲ. ಒಬ್ಬರು ಹಿಂದೆ ನಿಂತು ಕೈಸನ್ನೆ ಮಾಡಬೇಕು, ಅರ್ಧ ಕಿಲೋಮೀಟರ್ ಹಿಮ್ಮುಖವಾಗಿ ಬರಬೇಕು. ಆದ್ದರಿಂದ ಈ ವಾರ ಯಾವ ಆ್ಯಪ್ ಎಂಬುದನ್ನು ಹುಳಿಯಾರಿನ ಮಗ್ಗುಲಿನ ಕೆಂಕೆರೆಯ ಕಡೆಯ ರಸ್ತೆಗಳ ಮೇಲಿಟ್ಟೇ ನೋಡೋಣ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ಈ ತೆಂಗಿನ ಸೀಮೆಯಲ್ಲಿ ಗೆದ್ದ ಆ್ಯಪ್ ಕರ್ನಾಟಕದ ಬಯಲುಸೀಮೆಯಲ್ಲೆಲ್ಲ ಗೆಲ್ಲುತ್ತದೆ ಎಂದು ನನ್ನ ನಂಬಿಕೆ.

ಆ್ಯಪ್‌ಗಿಂತ ಮೊದಲು ಟೇಪು ಹಿಡಿಯಿರಿ. ನಮ್ಮಲ್ಲಿ ಕ್ಯಾರವಾನ್ ಎಂದರೆ ಹೆಚ್ಚಾಗಿ ಫೋರ್ಸ್ ಟ್ರಾವೆಲರ್‌ನಂಥ ವ್ಯಾನಿನ ಮೇಲೆ ಕಟ್ಟಿದ್ದು. 2021ರಲ್ಲಿ ರಾಜ್ಯದ ಪ್ರವಾಸೋದ್ಯಮ ಇಲಾಖೆಯ ಜೊತೆಗೂಡಿ ಬಂದ ಲಕ್ಸ್‌ಕ್ಯಾಂಪರ್‌ನಂಥವು ಇನ್ನೂ ದೊಡ್ಡವು. ಇಂಥ ಗಾಡಿಗಳಿಗೆಂದೇ ಎಐಎಸ್-124 ಎಂಬ ಮಾನದಂಡ ಇದೆ. ಆದರೆ ಕಾಗದದ ಮೇಲಿನ ಎತ್ತರ ಬೇರೆ, ಚಾವಣಿಯ ಮೇಲೆ ಎಸಿ ಪೆಟ್ಟಿಗೆ, ಸೋಲಾರ್ ಫಲಕ, ಗಾಳಿಕಿಂಡಿಯ ಮುಚ್ಚಳ ಕೂರಿಸಿದ ಮೇಲಿನ ಎತ್ತರ ಬೇರೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಅತಿ ಎತ್ತರದ ತುದಿಯಿಂದ ನೆಲಕ್ಕೆ ಅಳೆಯಿರಿ. ಅಗಲವನ್ನು ಎರಡೂ ಕನ್ನಡಿ ಹೊರಕ್ಕೆ ಚಾಚಿಟ್ಟು ಅಳೆಯಿರಿ. ಎರಡು ಅಂಕಿಗಳನ್ನೂ ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಎದುರಿಗೇ ಅಂಟಿಸಿ. ಮುಂದೆ ಹೇಳುವುದೆಲ್ಲ ಈ ಎರಡು ಅಂಕಿಗಳ ಮೇಲೆ ನಿಂತಿದೆ.

ಬೆಂಗಳೂರಿನಿಂದ ಕೆಂಕೆರೆಯ ಕಡೆಗೆ ಹೊರಟರೆ ತುಮಕೂರಿನ ತನಕ ಯಾವ ಆ್ಯಪ್ ಆದರೂ ನಡೆಯುತ್ತದೆ. ಅಲ್ಲಿಂದ ಬಿ.ಎಚ್. ರಸ್ತೆ. ಈಗ ಅದು ರಾಷ್ಟ್ರೀಯ ಹೆದ್ದಾರಿ 73, ಆದರೆ ಊರವರ ಬಾಯಲ್ಲಿ ಬಿ.ಎಚ್. ರಸ್ತೆಯೇ. ಗುಬ್ಬಿ, ನಿಟ್ಟೂರು ದಾಟಿ ಕಿಬ್ಬನಹಳ್ಳಿ ಕ್ರಾಸಿಗೆ ಬಂದರೆ ಹೆದ್ದಾರಿ 150ಎ ಅಡ್ಡ ಸಿಗುತ್ತದೆ. ಬಲಕ್ಕೆ ಹೊರಳಿದರೆ ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು. ಎಡಕ್ಕೆ ತುರುವೇಕೆರೆ, ನಾಗಮಂಗಲ, ಮೈಸೂರು. ಹುಳಿಯಾರಿನಲ್ಲಿ ಹೊನ್ನಾವರ ಕಡೆಯಿಂದ ಬಂದು ಶಿರಾಕ್ಕೆ ಹೋಗುವ ಹೆದ್ದಾರಿ 69 ಸೇರುತ್ತದೆ. ಈ ಮೂರು ರಸ್ತೆಗಳು ಕ್ಯಾರವಾನಿಗೆ ಹೇಳಿ ಮಾಡಿಸಿದವು.

ತೊಂದರೆ ಶುರುವಾಗುವುದು ಆ್ಯಪ್‌ಗೆ ಜಾಣತನ ಬಂದಾಗ. ಗೂಗಲ್ ಮ್ಯಾಪ್ಸ್ ನಿಮ್ಮ ಗಾಡಿಯನ್ನು ಕಾರು ಎಂದೇ ತಿಳಿಯುತ್ತದೆ. ಎತ್ತರ ಇಷ್ಟು, ಅಗಲ ಇಷ್ಟು ಎಂದು ಹೇಳಲು ಅದರಲ್ಲಿ ಜಾಗವೇ ಇಲ್ಲ. ಎರಡು ನಿಮಿಷ ಉಳಿಯುತ್ತದೆ ಎಂದರೆ ಸಾಕು, ಹೆದ್ದಾರಿ ಬಿಡಿಸಿ ಹಳ್ಳಿಯ ಮೇಲಿಂದ ಹಾಯಿಸುತ್ತದೆ. ಇಕ್ಕಟ್ಟಿನ ರಸ್ತೆ ತಪ್ಪಿಸುವ ಸೌಕರ್ಯವನ್ನು 2024ರ ಜುಲೈಯಲ್ಲಿ ಅದು ಭಾರತದಲ್ಲಿ ತಂದಿತು ನಿಜ, ಆದರೆ ಬೆಂಗಳೂರೂ ಸೇರಿ ಎಂಟು ನಗರಗಳಿಗೆ. ನಮ್ಮ ಹೋಬಳಿಗಳಿಗೆ ಅಲ್ಲ. ಸೆಟ್ಟಿಂಗ್ಸಿನಲ್ಲಿ ಇಂಧನ ಉಳಿಸುವ ದಾರಿಗೆ ಆದ್ಯತೆ ಎಂಬುದೊಂದಿದೆ, ಕ್ಯಾರವಾನಿನವರು ಅದನ್ನು ಮೊದಲು ಬಂದ್ ಮಾಡಬೇಕು. ಉಳಿದಂತೆ ನಗರದೊಳಗಿನ ವಾಹನ ದಟ್ಟಣೆಗೆ ಗೂಗಲ್‌ಗೆ ಸಾಟಿಯಿಲ್ಲ. ಅದನ್ನು ಅಷ್ಟಕ್ಕೇ ಇಟ್ಟುಕೊಳ್ಳುವುದು ಲೇಸು.

ಮ್ಯಾಪು ಹೇಳದ ತೊಂದರೆಗಳು ಇಲ್ಲಿ ಮೂರು. ಮೊದಲನೆಯದು ತೋಟದ ದಾರಿ. ಮ್ಯಾಪಿನಲ್ಲಿ ಒಂದೇ ಬೂದು ಗೆರೆ. ನೆಲದ ಮೇಲೆ ಅದು ಡಾಂಬರು ರಸ್ತೆಯೂ ಆಗಿರಬಹುದು, ತೋಟಕ್ಕೆ ಟ್ರ್ಯಾಕ್ಟರ್ ಹೋಗುವ ಬಂಡಿಜಾಡೂ ಆಗಿರಬಹುದು. ಉಪಗ್ರಹ ಚಿತ್ರ ಹಾಕಿ ನೋಡೋಣ ಎಂದರೆ ತೆಂಗಿನ ಸೀಮೆಯಲ್ಲಿ ಅದೂ ಅರ್ಧ ಮಾತ್ರ ಸಹಾಯ. ಮರದ ತಲೆಗಳು ನಕ್ಷತ್ರ ಚೆಲ್ಲಿದಂತೆ ಕಾಣುತ್ತವೆ, ಅವುಗಳ ಅಡಿಯ ದಾರಿ ಕಾಣುವುದಿಲ್ಲ. ಚಿತ್ರವನ್ನು ಹಿಗ್ಗಿಸಿ, ನಕ್ಷತ್ರಗಳ ಸಾಲಿನ ನಡುವೆ ಒಂದೇ ಸಮನೆ ಕಪ್ಪು ಗೆರೆ ಹರಿದಿದ್ದರೆ ಡಾಂಬರು. ಕೆಂಪು ಗೆರೆ ಅಲ್ಲಲ್ಲಿ ಮರೆಯಾಗಿ ಮತ್ತೆ ಕಂಡರೆ ತೋಟದ ದಾರಿ ಎಂದು ತಿಳಿಯಿರಿ. ಎಳೆಯ ತೋಟವಾದರೆ ಇನ್ನೂ ಎಚ್ಚರ. ಹಳೆಯ ಮರದ ಗರಿ ಆಕಾಶದಲ್ಲಿರುತ್ತದೆ, ಎಳೆ ಮರದ ಗರಿ ಸೋಲಾರ್ ಫಲಕದ ಮಟ್ಟಕ್ಕೇ ಬಾಗಿರುತ್ತದೆ. ಪಂಪ್‌ಸೆಟ್ಟಿಗೆ ಎಳೆದ ತಂತಿ ಬೇಸಿಗೆಯಲ್ಲಿ ಇಳಿಬಿದ್ದಿರುವುದೂ ಉಂಟು. ಇದೇ ಮಾತಿನಲ್ಲಿ ಇನ್ನೊಂದನ್ನೂ ಹೇಳಿಬಿಡುತ್ತೇನೆ: ನೆರಳು ತಂಪಾಗಿದೆ ಎಂದು ತೆಂಗಿನ ಮರದ ಬುಡದಲ್ಲಿ ಕ್ಯಾರವಾನ್ ನಿಲ್ಲಿಸಬೇಡಿ. ಒಣಗಿದ ಗರಿ, ಬಲಿತ ಕಾಯಿ ಯಾವಾಗ ಬೀಳುತ್ತವೆ ಎಂದು ಯಾವ ಆ್ಯಪೂ ಹೇಳುವುದಿಲ್ಲ.

ಎರಡನೆಯದು ರೈಲು ಹಳಿ. ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ಮಾರ್ಗ ಗುಬ್ಬಿ, ಅಮ್ಮಸಂದ್ರ, ಬಾಣಸಂದ್ರ, ಅರಳಗುಪ್ಪೆ, ತಿಪಟೂರು ಹಾದು ಈ ಸೀಮೆಯನ್ನು ಅಡ್ಡಕ್ಕೆ ಸೀಳುತ್ತದೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಒಳಚಾವಣಿಯ ನಟರಾಜನನ್ನು ನೋಡಬೇಕು, ತುರುವೇಕೆರೆಯ ಹೊಯ್ಸಳ ಗುಡಿಗಳನ್ನು ನೋಡಬೇಕು ಎಂದು ತಿರುಗುವವರು ಹಳಿಯನ್ನು ಎಲ್ಲೋ ಒಂದು ಕಡೆ ದಾಟಲೇಬೇಕು. ಕಾವಲಿದ್ದ ಗೇಟುಗಳನ್ನು ತೆಗೆದು ರೈಲ್ವೆಯವರು ಎಲ್ಲೆಡೆ ಅಂಡರ್‌ಪಾಸ್ ಮಾಡುತ್ತಿದ್ದಾರೆ. ರೈಲ್ವೆಯ ಲೆಕ್ಕದಲ್ಲೇ ಅವುಗಳಿಗೆ ಸೀಮಿತ ಎತ್ತರದ ಸಬ್‌ವೇ ಎಂದು ಹೆಸರು. ಕಾರಿಗೆ, ಟ್ರ್ಯಾಕ್ಟರಿಗೆ ಅಡ್ಡಿಯಿಲ್ಲ. ಕ್ಯಾರವಾನಿನವರು ಮಾತ್ರ ಎದುರಿನ ಕಬ್ಬಿಣದ ಕಮಾನಿನ ಮೇಲೆ ಬರೆದ ಅಂಕಿಯನ್ನು ಓದದೆ ಒಳಗೆ ಹೋಗಬಾರದು. ಮಳೆ ಬಂದ ಮರುದಿನ ಅಂಕಿ ಎಷ್ಟಿದ್ದರೂ ಹೋಗಬಾರದು. ಒಳಗೆ ನಿಂತ ನೀರಿನ ಆಳ ಮೇಲಿನಿಂದ ತಿಳಿಯುವುದಿಲ್ಲ.

ಮೂರನೆಯದು ಒಕ್ಕಣೆ. ರಾಗಿ ಕೊಯ್ಲು ಮುಗಿದು ಹುರುಳಿ ಕಿತ್ತ ಮೇಲೆ, ಪುಷ್ಯ ಮಾಸದ ಹೊತ್ತಿಗೆ, ಈ ಕಡೆಯ ಹಳ್ಳಿ ರಸ್ತೆಗಳೇ ಕಣ. ಅರ್ಧ ರಸ್ತೆಗೆ ಹುರುಳಿ ಬಳ್ಳಿ ಹಾಸಿರುತ್ತಾರೆ, ಗಾಡಿಗಳು ತುಳಿಯಲೆಂದು. ತಗ್ಗಿನ ಅಡಿಭಾಗಕ್ಕೆ ಆ ಬಳ್ಳಿ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿ ಕಾರುಗಳು ಹೊತ್ತಿ ಉರಿದ ಸುದ್ದಿ ನಮ್ಮ ಪತ್ರಿಕೆಗಳಲ್ಲೇ ಬಂದಿದೆ. ಅಡುಗೆ ಗ್ಯಾಸ್ ಸಿಲಿಂಡರ್ ಹೊತ್ತ ಕ್ಯಾರವಾನಿನವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಡ. ಮ್ಯಾಪು ಆ ರಸ್ತೆಯನ್ನು ಖಾಲಿ ಎಂದು ತೋರಿಸುತ್ತದೆ.

ಹಾಗಾದರೆ ಯಾವ ಆ್ಯಪ್? ನನ್ನ ಆಯ್ಕೆ ಆಸ್ಮ್‌ಆ್ಯಂಡ್. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, 2004ರಲ್ಲಿ ಶುರುವಾದ, ಜನರೇ ಬರೆಯುವ ಮ್ಯಾಪಿನ ಮೇಲೆ ನಡೆಯುವ ಆ್ಯಪ್ ಇದು. ಇದರಲ್ಲಿ ಗಾಡಿಯ ಎತ್ತರ, ಅಗಲ, ಉದ್ದ, ತೂಕ ನಾಲ್ಕನ್ನೂ ತುಂಬಬಹುದು. ಆ ಚೀಟಿಯ ಅಂಕಿಗಳು ಇಲ್ಲಿಗೆ ಬರಬೇಕು. ಕರ್ನಾಟಕದ ಮ್ಯಾಪನ್ನು ಮನೆಯ ವೈಫೈಯಲ್ಲೇ ಇಳಿಸಿಕೊಂಡರೆ ದಾರಿಯಲ್ಲಿ ನೆಟ್‌ವರ್ಕ್ ಬೇಡ. ಊರ ಹೆಸರುಗಳನ್ನು ಕನ್ನಡದಲ್ಲೇ ತೋರಿಸು ಎಂದರೆ ಇದ್ದಷ್ಟನ್ನು ತೋರಿಸುತ್ತದೆ. ಕಲಿಯಲು ಒಂದು ಸಂಜೆ ಬೇಕು, ಮೆನು ಒಳಗೆ ಮೆನು. ಅಷ್ಟು ತಾಳ್ಮೆ ಇಲ್ಲದವರಿಗೆ ಇದೇ ಮ್ಯಾಪಿನ ಆರ್ಗ್ಯಾನಿಕ್ ಮ್ಯಾಪ್ಸ್ ಸಲೀಸು, ಆದರೆ ಎತ್ತರದ ಲೆಕ್ಕ ಅದಕ್ಕಿಲ್ಲ. ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್ ನಮ್ಮದೇ ದೇಶದ್ದು, 1995ರಿಂದ ಮ್ಯಾಪು ಮಾಡುತ್ತಿರುವ ಕಂಪನಿ. ಫ್ಲೈಓವರ್ ಹತ್ತಬೇಕೋ ಸರ್ವೀಸ್ ರಸ್ತೆಗೆ ಇಳಿಯಬೇಕೋ ಎಂಬುದನ್ನು ಚಿತ್ರ ಬರೆದು ತೋರಿಸುವುದರಲ್ಲಿ, ಮುಂದೆ ಹಂಪ್ ಇದೆ ಎಂದು ಹೇಳುವುದರಲ್ಲಿ ಅದು ಮುಂದು. ಒಳಗೆ ಪಾತ್ರೆ ಪಗಡ ಜೋಡಿಸಿಕೊಂಡು ಹೋಗುವವರಿಗೆ ಹಂಪಿನ ಸುದ್ದಿ ಸಣ್ಣದಲ್ಲ. ಇನ್ನು ಗಾರ್ಮಿನ್ ಕ್ಯಾಂಪರ್‌ನಂಥ ದುಬಾರಿ ಯಂತ್ರಗಳು. ಯೂರೋಪಿನಲ್ಲಿ ಅವು ಬೆಲೆಗೆ ತಕ್ಕ ಕೆಲಸ ಮಾಡುತ್ತವೆ, ಏಕೆಂದರೆ ಅಲ್ಲಿ ಸೇತುವೆಗಳ ಎತ್ತರ ಮ್ಯಾಪಿನಲ್ಲಿ ತುಂಬಿದೆ. ನಮ್ಮಲ್ಲಿ ತುಂಬಿಲ್ಲ. ಆ ದುಡ್ಡಿಗೆ ಒಳ್ಳೆಯ ಹಿಂಬದಿ ಕ್ಯಾಮೆರಾ ಹಾಕಿಸಿ.

ಜಿಪಿಎಸ್‌ಗೂ ನೆಟ್‌ವರ್ಕಿಗೂ ಸಂಬಂಧವಿಲ್ಲ ಎಂಬುದನ್ನು ಬಹಳ ಮಂದಿ ತಿಳಿದಿಲ್ಲ. ನೀವು ಎಲ್ಲಿದ್ದೀರಿ ಎಂಬುದನ್ನು ಫೋನು ನೇರವಾಗಿ ಉಪಗ್ರಹಗಳಿಂದ ತಿಳಿಯುತ್ತದೆ. ನೆಟ್‌ವರ್ಕ್ ಬೇಕಾಗುವುದು ಮ್ಯಾಪು ತರಿಸಲು. ಬಯಲಿನಲ್ಲಿ ಫೋನಿನ ಲೆಕ್ಕ ಸುಮಾರು 5 ಮೀಟರ್ ಆಚೀಚೆ ಇರುತ್ತದೆ, ತೋಟದ ದಟ್ಟ ಗರಿಗಳಡಿ ಇನ್ನೂ ಸಡಿಲ. ಜಿಪಿಎಸ್‌ನಂತೆಯೇ ಜಾಗ ತಿಳಿಸುವ ನಮ್ಮ ದೇಶದ ನಾವಿಕ್ ಉಪಗ್ರಹಗಳಲ್ಲಿ ಮೊದಲನೆಯದು ಹಾರಿದ್ದು 2013ರ ಜುಲೈ 1ರಂದು. ಅವನ್ನು ನೋಡಿಕೊಳ್ಳುವುದು ತಿಪಟೂರಿನ ನೆರೆಯ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್. ಅವುಗಳ ಸಂಚರಣಾ ಕೇಂದ್ರ ಇರುವುದು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ. ಹೊಸ ಫೋನ್ ಕೊಳ್ಳುವಾಗ ನಾವಿಕ್ ಹಿಡಿಯುತ್ತದೆಯೇ ಎಂದು ಕೇಳಿ. ಇದ್ದರೆ ಸಂತೋಷ, ಅದೊಂದಕ್ಕಾಗಿ ಹೆಚ್ಚು ದುಡ್ಡು ಬೇಡ.

ಮ್ಯಾಪನ್ನು ಮೊದಲೇ ಇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಖಾನಾಪುರದ ಕಡೆ ನಡೆದದ್ದೇ ಸಾಕು. 2024ರ ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟಿದ್ದ ಉತ್ತರ ಭಾರತದ ಒಂದು ಕುಟುಂಬ ಮ್ಯಾಪು ತೋರಿದ ದಾರಿಯಲ್ಲಿ ಭೀಮಗಡದ ಕಾಡಿನೊಳಕ್ಕೆ ಹೋಗಿ, ನೆಟ್‌ವರ್ಕ್ ಇಲ್ಲದೆ ರಾತ್ರಿಯೆಲ್ಲ ಕಾರಿನಲ್ಲೇ ಕಳೆಯಿತು. ಬೆಳಗ್ಗೆ ಕಿಲೋಮೀಟರುಗಟ್ಟಲೆ ನಡೆದು, ನೆಟ್‌ವರ್ಕ್ ಸಿಕ್ಕ ಕಡೆ 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಕರೆತಂದರು.

ಇಷ್ಟೆಲ್ಲ ಆದ ಮೇಲೂ ಈ ಸೀಮೆಯಲ್ಲಿ ನಾನು ಪಾಲಿಸುವ ನಿಯಮ ಒಂದೇ: ಬಸ್ಸು ಹೋಗುವ ದಾರಿಯಲ್ಲಿ ಮಾತ್ರ ಹೋಗುವುದು. ಸಾರಿಗೆ ಬಸ್ಸೂ ಕ್ಯಾರವಾನೂ ಒಂದೇ ಕಾನೂನಿನ ಅಳತೆಯೊಳಗೆ ಕಟ್ಟಿದವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಗಲ 2.6 ಮೀಟರ್ ಮೀರುವಂತಿಲ್ಲ. ಬಸ್ಸು ದಿನವೂ ಹೋಗಿ ಬರುವ ದಾರಿಯ ಕೊಂಬೆ, ತಂತಿ, ತಿರುವು ಎಲ್ಲ ಬಸ್ಸಿಗೆ ಹೊಂದಿಕೊಂಡಿರುತ್ತವೆ, ಬಸ್ಸು ತಿರುಗಿಸುವಷ್ಟು ಜಾಗ ಕೊನೆಯ ಊರಿನಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ಆ್ಯಪ್‌ನಲ್ಲಿ ತೋಟವನ್ನೋ ಗುಡಿಯನ್ನೋ ಹಾಕಬೇಡಿ; ಹೆದ್ದಾರಿಯಿಂದ ಆ ಊರಿಗೆ ತಿರುಗುವ ಗೇಟನ್ನು ಹಾಕಿ. ಗೇಟಿನಲ್ಲಿ ಟೀ ಅಂಗಡಿ ಇರುತ್ತದೆ. ಇಳಿದು, ‘ಅಣ್ಣಾ, ಈ ದಾರೀಲಿ ಬಸ್ ಓಡಾಡುತ್ತಾ?’ ಎಂದು ಕೇಳಿ.

‘ಓಡಾಡ್ತದೆ ಸಾರ್, ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಆದ್ರೆ ಈಗ ಹುರುಳಿ ಹಾಕವ್ರೆ, ನೋಡ್ಕಂಡು ಹೋಗಿ.’

ಇಂಥ ಉತ್ತರ ಕೊಡುವ ಆ್ಯಪ್ ಇನ್ನೂ ಬಂದಿಲ್ಲ.

ಆದರೆ ಎತ್ತರದ ಅಂಕಿಯನ್ನಾದರೂ ನಾವೇ ತುಂಬಬಹುದು. ಆಂಡ್ರಾಯ್ಡ್ ಫೋನಿಗೆ ಸ್ಟ್ರೀಟ್‌ಕಂಪ್ಲೀಟ್ ಎಂಬ ಪುಕ್ಕಟೆ ಆ್ಯಪ್ ಇದೆ. ಸೇತುವೆಯ ಬಳಿ ನಿಂತರೆ ಇಲ್ಲಿ ಬರೆದಿರುವ ಎತ್ತರ ಎಷ್ಟು ಎಂದು ಅದೇ ಕೇಳುತ್ತದೆ, ನೀವು ಅಂಕಿ ಒತ್ತಿದರೆ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರುತ್ತದೆ. ಗುಬ್ಬಿಯಿಂದ ಅರಸೀಕೆರೆವರೆಗೆ ಹಳಿಯ ಪಕ್ಕದ ಊರುಗಳಲ್ಲಿ ಈ ಅಂಕಣ ಓದುವವರು ಇದ್ದೀರಿ. ನಿಮ್ಮೂರ ಅಂಡರ್‌ಪಾಸಿನ ಕಮಾನಿನ ಮೇಲಿನ ಅಂಕಿಯನ್ನು ಈ ಭಾನುವಾರ ಹೋಗಿ ಓದಿ, ತುಂಬಿ. ಕ್ಯಾರವಾನಿಗೆ ಮಾತ್ರವಲ್ಲ, ತೆಂಗಿನ ಮಟ್ಟೆ ಹೇರಿಕೊಂಡು ಬರುವ ಲಾರಿಯವರಿಗೂ ಅದು ಬೇಕು.