ಬೆಲೆ ಹೇಳುವ ಕಷ್ಟ: ಅಮೆರಿಕದ ದನದ ಕಥನಗಳನ್ನು ಓದುತ್ತಾ

ಅಮೆರಿಕದ ಹಳ್ಳಿಗಾಡಿನಲ್ಲಿ ನಾಲ್ಕಾರು ದನ ಸಾಕಿಕೊಂಡಿರುವ ರೈತನೊಬ್ಬ ತಾನು ಬೆಳೆಸಿದ ಹೋರಿಯ ಮಾಂಸವನ್ನು ಅಂಗಡಿಯ ಹಂಗಿಲ್ಲದೆ ಅಕ್ಕಪಕ್ಕದವರಿಗೆ ನೇರವಾಗಿ ಮಾರಬೇಕೆಂದುಕೊಂಡರೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಎಷ್ಟು ಹೇಳಲಿ? ಇದು ಲೆಕ್ಕದ ಪ್ರಶ್ನೆ, ಇಲ್ಲಿ ವಿಮರ್ಶೆಗೇನು ಕೆಲಸ ಎನ್ನಿಸಬಹುದು. ಕೃಷಿ ಕಥನಗಳಲ್ಲಿ ಹಣದ ಮಾತು ಎಲ್ಲಿ ಬರುತ್ತದೆ, ಎಲ್ಲಿ ಬಾರದೆ ಉಳಿಯುತ್ತದೆ ಎಂಬುದು ನನ್ನ ಸಂಶೋಧನೆಯ ವಸ್ತು. ಅದಕ್ಕಾಗಿ ಅಮೆರಿಕದ ದನ ಮತ್ತು ಮಾಂಸದ ಕುರಿತ ಕೆಲವು ಪ್ರಸಿದ್ಧ ಕೃತಿಗಳನ್ನು ಒಟ್ಟಿಗೆ ಓದಿದಾಗ ನನಗೆ ಕಂಡದ್ದು ಇಷ್ಟು: ಹುಲ್ಲು, ಮಣ್ಣು, ಕಸಾಯಿಖಾನೆ, ಕ್ರೌರ್ಯ, ಋತುಮಾನಗಳ ಬಗ್ಗೆ ಆ ಸಾಹಿತ್ಯ ತುಂಬಾ ಮಾತಾಡಿದೆ. ಒಬ್ಬ ರೈತ ತನ್ನ ನೆರೆಯವನ ಮುಖ ನೋಡಿ ಬೆಲೆ ಹೇಳುವ ಆ ಗಳಿಗೆಯನ್ನು ಮಾತ್ರ ಬಹುಪಾಲು ಬಿಟ್ಟುಬಿಟ್ಟಿದೆ. ಆ ಮೌನವನ್ನು ಓದುವುದು ಈ ಬರಹದ ಉದ್ದೇಶ.

ಮೊದಲು ಲೆಕ್ಕವನ್ನೇ ನೋಡೋಣ. ಒಂದೇ ಹೋರಿಗೆ ಮೂರು ತೂಕಗಳಿವೆ. ಕೊಟ್ಟಿಗೆಯಲ್ಲಿ ನಿಂತಾಗಿನದು ಜೀವಂತ ತೂಕ. ಕೊಯ್ದು, ಚರ್ಮ, ತಲೆ, ಕರುಳು ತೆಗೆದು ಕೊಕ್ಕೆಗೆ ನೇತುಹಾಕಿದಾಗಿನದು ಎರಡನೆಯದು. ರೈತರು ಇದನ್ನು ತೂಗುಹಾಕಿದ ತೂಕ ಎನ್ನುತ್ತಾರೆ. ಕೆಲವು ದಿನ ತಣ್ಣಗೆ ಇಟ್ಟು, ಮೂಳೆ, ಕೊಬ್ಬು ಬಿಡಿಸಿ, ಕಟ್ಟಿ ಕೊಟ್ಟ ಮೇಲೆ ಮನೆಗೆ ಬರುವುದು ಮೂರನೆಯದು. 1200 ಪೌಂಡಿನ ಹೋರಿಯಲ್ಲಿ ತೂಗುಹಾಕಿದ ತೂಕ ಸುಮಾರು 720 ಪೌಂಡ್ ಬಂದರೆ, ಮನೆಗೆ ಬರುವುದು 470ರ ಆಸುಪಾಸು. ಲೆಕ್ಕದ ಅನುಕೂಲಕ್ಕೆ ರೈತ ತೂಗುಹಾಕಿದ ತೂಕದ ಮೇಲೆ ಪೌಂಡಿಗೆ 4 ಡಾಲರ್ ಹೇಳಿದ, ಕಸಾಯಿಯ ಕೂಲಿ ಪೌಂಡಿಗೆ 1 ಡಾಲರ್ ಎಂದು ಹಿಡಿಯೋಣ. ರೈತನ ಕೈಗೆ 2880 ಡಾಲರ್. ಕೊಳ್ಳುವವರಿಗೆ ತಗಲುವುದು 3600. ಈಗ ಅದೇ ಹೋರಿಗೆ ರೈತ ಪಡೆದದ್ದು ಜೀವಂತ ತೂಕದ ಪೌಂಡಿಗೆ 2.40 ಡಾಲರ್ ಎನ್ನಬಹುದು, ಹೇಳಿದ್ದು 4 ಎನ್ನಬಹುದು, ಕೊಂಡವರು ತೆತ್ತದ್ದು ಸುಮಾರು 7.66 ಎನ್ನಬಹುದು. ಮೂರೂ ನಿಜ.

ಕಥನಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಘಟನೆ ಒಂದೇ, ನಿರೂಪಕ ನಿಂತ ಜಾಗ ಬೇರೆ. ಮೊದಲ ಅಂಕಿ ಸಾಕಿದವನ ಕಡೆಯಿಂದ ನೋಡುತ್ತದೆ, ಎರಡನೆಯದು ಕೊಯ್ಯುವವನ ಕಡೆಯಿಂದ, ಮೂರನೆಯದು ಉಣ್ಣುವವಳ ಕಡೆಯಿಂದ. ಜಗಳ ಹುಟ್ಟುವುದು ಒಂದು ನೋಟದ ಅಂಕಿಯನ್ನು ಇನ್ನೊಂದು ನೋಟದ್ದೆಂದು ಕೇಳಿಸಿಕೊಂಡಾಗ. ನಾಲ್ಕು ಡಾಲರ್ ಎಂದು ಕೇಳಿ, ಕೊನೆಗೆ ಏಳೂವರೆ ದಾಟಿತು ಎಂದು ಕಂಡ ನೆರೆಯವಳಿಗೆ ಮೋಸದ ಅನುಮಾನ ಬರುವುದು ಸಹಜ. ಹಾಗಾಗಿ ನೇರ ಮಾರಾಟದ ರೈತ ಬರೆದುಕೊಡುವ ಬೆಲೆಪಟ್ಟಿ ಬರೀ ಅಂಕಿಗಳ ಚೀಟಿಯಾಗಿ ಉಳಿಯುವಂತಿಲ್ಲ. ಪ್ರಾಣಿ ಮಾಂಸವಾಗುವ ಕತೆಯನ್ನು, ನಡುವೆ ಕಳೆದುಹೋದ 730 ಪೌಂಡುಗಳ ಸಮೇತ, ಅದು ಹೇಳಲೇಬೇಕು.

ಈ ಕತೆಯನ್ನು ಹೇಳದೆಯೂ ಮಾಂಸ ಮಾರಬಹುದು ಎಂದು ಜಗತ್ತಿಗೆ ತೋರಿಸಿದ್ದು ಹತ್ತೊಂಬತ್ತನೆಯ ಶತಮಾನದ ಶಿಕಾಗೊ. ವಿಲಿಯಂ ಕ್ರೋನನ್ ಅವರ ‘ನೇಚರ್ಸ್ ಮೆಟ್ರೊಪೊಲಿಸ್’ (1991) ಇತಿಹಾಸದ ಪುಸ್ತಕ. ಆದರೆ ಅದರ ಮಾಂಸದ ಅಧ್ಯಾಯವನ್ನು ನಾನು ಬೆಲೆಯ ವಿಮರ್ಶೆಯಾಗಿ ಓದುತ್ತೇನೆ. ಅಲ್ಲೊಂದು ಲೆಕ್ಕವಿದೆ. 1260 ಪೌಂಡಿನ ಹೋರಿಯನ್ನು ಶಿಕಾಗೊದ ಕಂಪನಿ 40.95 ಡಾಲರಿಗೆ ಕೊಳ್ಳುತ್ತದೆ. ಅದರಿಂದ ಬಂದ 710 ಪೌಂಡ್ ಮಾಂಸ ನ್ಯೂಯಾರ್ಕಿನಲ್ಲಿ 38.17 ಡಾಲರಿಗೆ ಹೋಗುತ್ತದೆ. ಸಾಗಣೆ, ಕೂಲಿ ಸೇರಿಸುವ ಮೊದಲೇ ನಷ್ಟ. ಲಾಭ ಇದ್ದದ್ದು ಚರ್ಮ, ಕೊಬ್ಬು, ಕೊಂಬು, ರಕ್ತ, ಮೂಳೆಗಳಲ್ಲಿ. ಊರಿನ ಕಸಾಯಿ ಎಸೆಯುತ್ತಿದ್ದುದನ್ನೆಲ್ಲ ಕಂಪನಿ ದುಡ್ಡು ಮಾಡಿತು. ಹಾಗಾಗಿ ಮಾಂಸವನ್ನು ಅಸಲಿಗಿಂತ ಕಡಿಮೆಗೆ ಮಾರಿಯೂ ಗೆಲ್ಲಬಲ್ಲದಾಗಿತ್ತು. ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳಲ್ಲಿ ಬಂದಿಳಿದ ಆ ಮಾಂಸದ ಎದುರು ಊರೂರಿನ ಕಸಾಯಿಗಳು ಸೋತರು.

ಇದರ ಅರ್ಥ, ಇವತ್ತು ಅಂಗಡಿಯ ಬೆಲೆಯನ್ನು ಪಕ್ಕದಲ್ಲಿಟ್ಟುಕೊಂಡು ಮನೆಯ ಹೋರಿಗೆ ಬೆಲೆ ಕಟ್ಟುವವನು ಎರಡು ಬೇರೆ ವಸ್ತುಗಳನ್ನು ಹೋಲಿಸುತ್ತಿದ್ದಾನೆ. ಅಂಗಡಿಯ ಪೌಂಡಿನಲ್ಲಿ ಬರೀ ಮಾಂಸದ ಬೆಲೆ ಇಲ್ಲ. ಬೇರೆಲ್ಲೋ ಮಾರಾಟವಾದ ಚರ್ಮ, ಕೊಬ್ಬು, ಮೂಳೆಗಳ ಹಣ ಅದನ್ನು ಒಳಗಿಂದ ಇಳಿಸಿರುತ್ತದೆ. ಮನೆಯ ಹೋರಿಯ ಚರ್ಮಕ್ಕೆ ರೈತನಿಗೆ ಸಿಗುವುದು ಹೆಚ್ಚುಕಡಿಮೆ ಏನೂ ಇಲ್ಲ. ‘ಅಂಗಡಿಗಿಂತ ಸ್ವಲ್ಪ ಕಡಿಮೆ ಮಾಡಿಕೊಡಿ’ ಎಂದು ನೆರೆಯವರು ಕೇಳುವಾಗ, ತಮಗೆ ಗೊತ್ತಿಲ್ಲದೆಯೇ, ಆ ಚರ್ಮದ ದುಡ್ಡನ್ನೂ ಅವನ ಜೇಬಿನಿಂದ ಕೇಳುತ್ತಿರುತ್ತಾರೆ.

ಶಿಕಾಗೊ ಎಂದ ಕೂಡಲೇ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪ್ಟನ್ ಸಿಂಕ್ಲೇರ್‌ನ ‘ದಿ ಜಂಗಲ್’ (1906) ನೆನಪಾಗುತ್ತದೆ. ಕಾರ್ಮಿಕರ ಬವಣೆ ಹೇಳಹೊರಟ ಕಾದಂಬರಿ ಓದುಗರಲ್ಲಿ ಎಬ್ಬಿಸಿದ್ದು ತಟ್ಟೆಯ ಮಾಂಸದ ಬಗ್ಗೆ ಹೇಸಿಗೆಯನ್ನು. ಅದೇ ವರ್ಷ ಅಮೆರಿಕದಲ್ಲಿ ಮಾಂಸ ತಪಾಸಣೆಯ ಕಾಯ್ದೆ ಬಂತು. ಈ ಸಂಗತಿಯನ್ನು ಎಲ್ಲ ಪಠ್ಯಗಳೂ ಹೇಳುತ್ತವೆ. ಆ ಕಾಯ್ದೆ ಮತ್ತು ನಂತರದ ತಿದ್ದುಪಡಿಗಳು ಸಣ್ಣ ರೈತನ ಭಾಷೆಯನ್ನೇ ಬದಲಿಸಿದ್ದರ ಕಡೆಗೆ ಮಾತ್ರ ನಮ್ಮ ಗಮನ ಹೋಗುವುದಿಲ್ಲ. ಸರ್ಕಾರಿ ತಪಾಸಕರಿರುವ ಕಸಾಯಿಖಾನೆಯಲ್ಲಿ ಕೊಯ್ದ ಮಾಂಸವನ್ನಷ್ಟೇ ತುಂಡು ಲೆಕ್ಕದಲ್ಲಿ ಮಾರಬಹುದು. ಅಂಥದ್ದು ಹತ್ತಿರದಲ್ಲಿ ಇಲ್ಲದ ರೈತ ಊರಿನ ಸಣ್ಣ ಕಸಾಯಿಯ ಬಳಿ ಹೋಗಬೇಕು. ಅಲ್ಲಿ ಕಟ್ಟಿದ ಪ್ರತಿ ಪೊಟ್ಟಣದ ಮೇಲೆ ‘ಮಾರಾಟಕ್ಕಲ್ಲ’ ಎಂಬ ಮುದ್ರೆ ಬೀಳುತ್ತದೆ. ಹಾಗಿದ್ದರೆ ಅವನು ಮಾರುವುದೇನು? ಜೀವಂತ ಹೋರಿಯ ಪಾಲನ್ನು. ಕೊಯ್ಯುವ ಮೊದಲೇ ನಾಲ್ಕು ಮನೆಯವರು ತಲಾ ಕಾಲು ಪಾಲಿನ ಒಡೆಯರಾಗುತ್ತಾರೆ. ಕಸಾಯಿ ಕೆಲಸ ಮಾಡುವುದು ಆ ಒಡೆಯರಿಗಾಗಿ. ಅಂದರೆ ಕಾಗದದ ಮೇಲೆ ಇಲ್ಲಿ ಮಾಂಸದ ಮಾರಾಟ ನಡೆಯುವುದೇ ಇಲ್ಲ. ತಟ್ಟೆಯ ಮಾಂಸದ ಹಿಂದೆ ಪ್ರಾಣಿ ಇತ್ತು ಎಂಬುದನ್ನು ಮರೆಸುವ ವ್ಯಾಪಾರದ ನಡುವೆ, ಈ ವಿನಾಯಿತಿ ಕೊಳ್ಳುವವರನ್ನು ಪ್ರಾಣಿಯ ಒಡೆತನಕ್ಕೇ ಎಳೆದು ತಂದಿದೆ.

‘ದಿ ಜಂಗಲ್’ನಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮನೆ ಕೊಳ್ಳುವ ಪ್ರಸಂಗ. ಲಿಥುವೇನಿಯಾದಿಂದ ಬಂದ ಯುರ್ಗಿಸ್‌ನ ಕುಟುಂಬ ಒಂದಿಷ್ಟು ಮುಂಗಡ ಕೊಟ್ಟು, ತಿಂಗಳ ಕಂತಿನ ಲೆಕ್ಕದಲ್ಲಿ ಮನೆ ಹಿಡಿಯುತ್ತದೆ. ಕಂತಿನ ಮೇಲೆ ಬಡ್ಡಿಯೂ ಇದೆ ಎಂದು ನೆರೆಮನೆಯ ಮುದುಕಿ ಹೇಳುವವರೆಗೆ ಅವರಿಗೆ ತಿಳಿದಿರುವುದಿಲ್ಲ. ಸಿಂಕ್ಲೇರ್ ಇಲ್ಲಿ ಹಿಡಿದದ್ದು ಬೆಲೆಯ ಹಿಂಸೆಯನ್ನು. ಹೇಳಿದ ಬೆಲೆ ದುಬಾರಿಯಾಗಿದ್ದರೆ ಜನ ಸಹಿಸಬಲ್ಲರು. ಹೇಳದೆ ಉಳಿಸಿದ ಬೆಲೆ ಮನೆ ಮುರಿಯುತ್ತದೆ. ಪೌಂಡಿಗೆ 4 ಡಾಲರ್ ಎಂದಷ್ಟೇ ಹೇಳಿ ಕಸಾಯಿಯ ಕೂಲಿಯನ್ನು ಆಮೇಲೆ ಕೈಗಿಡುವ ರೈತ, ತನ್ನ ಮಟ್ಟಿಗೆ ಎಷ್ಟೇ ಪ್ರಾಮಾಣಿಕನಾಗಿದ್ದರೂ, ಆ ಪ್ರಸಂಗದ ಅಂಚಿಗೆ ಬಂದು ನಿಂತಿರುತ್ತಾನೆ.

ಇತ್ತೀಚಿನ ಬರಹಗಾರರಲ್ಲಿ ಮೈಕಲ್ ಪೋಲನ್ ಬೆಲೆಯನ್ನು ನೇರವಾಗಿ ಮುಟ್ಟಿದವರು. 2002ರ ಒಂದು ಲೇಖನಕ್ಕಾಗಿ, ಮುಂದೆ ‘ದಿ ಆಮ್ನಿವೋರ್ಸ್ ಡಿಲೆಮಾ’ (2006) ಪುಸ್ತಕಕ್ಕೂ, ಅವರು ದಕ್ಷಿಣ ಡಕೋಟದಲ್ಲಿ 534ನೇ ಸಂಖ್ಯೆಯ ಹೋರಿಕರುವೊಂದನ್ನು 598 ಡಾಲರಿಗೆ ಕೊಂಡರು. ಕ್ಯಾನ್ಸಸ್‌ನ ದೊಡ್ಡ ಮೇವುದೊಡ್ಡಿಯಲ್ಲಿ ಅದನ್ನು ಜೋಳ ತಿನ್ನಿಸಿ ಕೊಬ್ಬಿಸಲು ದಿನಕ್ಕೆ 1.60 ಡಾಲರ್ ಕೊಟ್ಟರು. ಈ ಅಗ್ಗದ ಹಿಂದೆ ಸರ್ಕಾರದ ಸಹಾಯಧನದ ಜೋಳ, ಪೆಟ್ರೋಲಿಯಂ, ಔಷಧಿಗಳಿವೆ ಎಂದು ಬಿಡಿಸಿ ತೋರಿಸಿದ್ದು ಅವರ ದೊಡ್ಡ ಸಾಧನೆ. ಆದರೆ ಹೋರಿಯ ಒಡೆಯನಾಗಿದ್ದೂ ಅದನ್ನು ಕೊಲ್ಲುವ ಜಾಗದೊಳಕ್ಕೆ ಅವರಿಗೆ ಪ್ರವೇಶ ಸಿಗಲಿಲ್ಲ. ಹಣ ಕೊಟ್ಟವನು ಕತೆಯ ಹೊರಗೇ ಉಳಿದ. ಆ ಪುಸ್ತಕದ ಅತ್ಯಂತ ಪ್ರಾಮಾಣಿಕ ಜಾಗ ಅದು ಎಂದು ನನ್ನ ಅನಿಸಿಕೆ.

ವೆಂಡೆಲ್ ಬೆರಿ ಅವರ ಬಗ್ಗೆ ನನಗೆ ಒಂದು ತಕರಾರಿದೆ. ‘ದಿ ಪ್ಲೆಷರ್ಸ್ ಆಫ್ ಈಟಿಂಗ್’ ಎಂಬ ಪ್ರಬಂಧದಲ್ಲಿ ಅವರು, ಸಾಧ್ಯವಾದಾಗಲೆಲ್ಲ ಊರಿನ ರೈತನ ಜೊತೆ ನೇರವಾಗಿ ವ್ಯವಹರಿಸಿ ಎಂದು ಪೇಟೆಯವರಿಗೆ ಸಲಹೆ ಕೊಡುತ್ತಾರೆ. ಸಲಹೆ ಸರಿಯಾದದ್ದೇ. ಆದರೆ ಆ ನೇರ ವ್ಯವಹಾರದಲ್ಲಿ ಬೆಲೆ ಹೇಳುವ ಬಾಯಿ ಯಾರದು, ಹೇಳುವಾಗ ಅದು ಯಾಕೆ ತಡವರಿಸುತ್ತದೆ ಎಂಬ ಕಡೆಗೆ ಪ್ರಬಂಧ ಹೊರಳುವುದಿಲ್ಲ. ಮಧ್ಯವರ್ತಿ ಹೋದರೆ ಎಲ್ಲವೂ ಸರಿಹೋದೀತೆಂಬ ಭರವಸೆಯೊಂದು ಬರಹದ ಉದ್ದಕ್ಕೂ ಇದೆ. ಮಧ್ಯವರ್ತಿ ಲಾಭ ಹೊಡೆಯುವವನು ಹೌದು; ಇಬ್ಬರು ಪರಿಚಿತರ ನಡುವಿನ ಮುಜುಗರವನ್ನು ಹೊತ್ತುಕೊಳ್ಳುವವನೂ ಹೌದು. ಅವನು ಎದ್ದುಹೋದ ಮೇಲೆ ಆ ಮುಜುಗರ ರೈತನ ಅಂಗಳಕ್ಕೆ ಬಂದು ಬೀಳುತ್ತದೆ.

ನಮ್ಮ ಭಾಷೆಯಲ್ಲಿ ಈ ಮುಜುಗರಕ್ಕೆ ಒಳ್ಳೆಯ ಹೆಸರಿದೆ: ದಾಕ್ಷಿಣ್ಯ. ಎರಡು ಚಳಿಗಾಲ ಹುಲ್ಲು ಹಾಕಿದ್ದು, ಬೇಲಿ ಕಟ್ಟಿದ್ದು, ಬಿದ್ದ ಕರುವನ್ನು ರಾತ್ರಿಯಿಡೀ ಕಾದದ್ದು — ಇವಕ್ಕೆ ಕೂಲಿ ಹಾಕಿಕೊಳ್ಳಲು ಸಾಕಿದವನಿಗೆ ಬಾಯಿ ಬರುವುದಿಲ್ಲ. ಮೇವು, ಔಷಧಿ, ಸಾಗಣೆಯ ಚೀಟಿಗಳಿವೆ, ಅವನ್ನು ಕೂಡುತ್ತಾನೆ. ತನ್ನ ದುಡಿಮೆಗೆ ಚೀಟಿ ಇಲ್ಲ, ಅದನ್ನು ಬಿಡುತ್ತಾನೆ. ಬೆರಿಯವರ ಪ್ರಬಂಧವನ್ನು ಮೆಚ್ಚಿ ಕೊಳ್ಳಲು ಬಂದ ಗಿರಾಕಿಗೂ ಅದು ಕಾಣುವುದಿಲ್ಲ. ಗ್ರಾಮಜೀವನದ ಸೊಬಗಿನಲ್ಲಿ ಅದು ಪುಕ್ಕಟೆ ಸೇರಿಹೋಗಿರುತ್ತದೆ.

ಹಾಗಾದರೆ ಬೆಲೆಯ ಮಾತು ಸಂಬಂಧವನ್ನು ಕೆಡಿಸಲೇಬೇಕೆ? ಇಲ್ಲ ಎನ್ನುವ ಕೃತಿಯೊಂದನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಕೆಂಟ್ ಹಾರಫ್ ಅವರ ‘ಪ್ಲೇನ್‌ಸಾಂಗ್’ (1999) ಕಾದಂಬರಿಯಲ್ಲಿ ಮೆಕ್‌ಫೆರಾನ್ ಎಂಬ ಇಬ್ಬರು ವಯಸ್ಸಾದ ಅಣ್ಣತಮ್ಮಂದಿರು ದನ ಸಾಕಿಕೊಂಡಿದ್ದಾರೆ. ಮದುವೆಯಿಲ್ಲ, ಮಾತೂ ಕಡಿಮೆ. ತಾಯಿ ಹೊರಹಾಕಿದ ಬಸುರಿ ಹುಡುಗಿ ವಿಕ್ಟೋರಿಯಾಳನ್ನು ಮನೆಗೆ ಸೇರಿಸಿಕೊಳ್ಳುತ್ತಾರೆ. ಅವಳ ಜೊತೆ ಏನಾದರೂ ಮಾತಾಡಿ ಎಂದು ಪರಿಚಯದ ಶಿಕ್ಷಕಿ ಹೇಳಿದಾಗ ಅವರಿಗೆ ತೋಚುವುದು ಒಂದೇ ವಿಷಯ: ಮಾರುಕಟ್ಟೆಯ ಧಾರಣೆ. ಆ ಸಂಜೆ ಮೇಜಿನ ಸುತ್ತ ಕೂತು ದನದ ಬೆಲೆ ಹೇಗೆ ಏರುತ್ತದೆ, ಇಳಿಯುತ್ತದೆ ಎಂದು ಅವಳಿಗೆ ಬಿಡಿಸಿ ಹೇಳುತ್ತಾರೆ. ಅವಳು ಕೇಳುತ್ತಾಳೆ. ಓದುತ್ತಾ ನಗು ಬರುತ್ತದೆ. ನಗುತ್ತಿರುವಾಗಲೇ ಒಂದು ಸಂಸಾರ ಕಣ್ಣೆದುರು ಕಟ್ಟಿಕೊಳ್ಳುತ್ತಿರುತ್ತದೆ. ಅವಳಿಗೆ ಏನನ್ನೂ ಮಾರುವುದಿಲ್ಲ, ನಿಜ. ಆದರೂ ಬೆಲೆ ಹೇಗೆ ಹುಟ್ಟುತ್ತದೆ ಎಂದು ವಿವರಿಸುವುದೇ ಒಬ್ಬರನ್ನು ತಮ್ಮವರೆಂದು ಕೂರಿಸಿಕೊಳ್ಳುವ ರೀತಿಯಾಗಬಲ್ಲದು ಎಂದು ಹಾರಫ್ ತೋರಿಸುತ್ತಾರೆ. ನಿಸರ್ಗದ ಹಿರಿಮೆ ಹಾಡುವ ಪ್ರಬಂಧಗಳು ತಲುಪದ ಜಾಗಕ್ಕೆ ಈ ಪ್ರಸಂಗ ತಲುಪುತ್ತದೆ.

ಪಾಲಿನ ಲೆಕ್ಕ ಕನ್ನಡ ಓದುಗರಿಗೆ ಪರಕೀಯವಲ್ಲ. ಹಳೇ ಮೈಸೂರು ಕಡೆ ಹೊಸತೊಡಕಿಗೆ ಹತ್ತಾರು ಮನೆಯವರು ದುಡ್ಡು ಹಾಕಿ ಕುರಿ ತಂದು, ಕೊಯ್ದು, ಗುಡ್ಡೆ ಹಾಕುವುದುಂಟು. ಪ್ರತಿ ಗುಡ್ಡೆಯಲ್ಲೂ ಒಂದಿಷ್ಟು ತೊಡೆ, ಒಂದಿಷ್ಟು ಎಲುಬು, ಒಂದು ಚೂರು ಈಲಿ. ಗುಡ್ಡೆ ಬಾಡಿಗೆ ತುಂಡಿಗೊಂದು ದರವಿಲ್ಲ. ಕುರಿಯ ಬೆಲೆಯನ್ನು ಗುಡ್ಡೆಗಳಿಂದ ಭಾಗಿಸಿದರೆ ಮುಗಿಯಿತು. ಕಾಲು ಹೋರಿ ಕೊಳ್ಳುವ ಅಮೆರಿಕದ ಮನೆಯೂ ಇಂಥದ್ದೇ ಒಪ್ಪಂದಕ್ಕೆ ಬರುತ್ತದೆ: ಸ್ಟೇಕಿಗೂ ಖೀಮಾಕ್ಕೂ ಒಂದೇ ದರ. ವ್ಯತ್ಯಾಸವೆಂದರೆ ಗುಡ್ಡೆಯ ಸುತ್ತ ನಿಂತವರಿಗೆ ಕುರಿ ಎಷ್ಟಕ್ಕೆ ಬಂತೆಂದು ಗೊತ್ತು. ದನದ ವಿಷಯಕ್ಕೆ ಬಂದರೆ ಈ ಪ್ರಶ್ನೆಯನ್ನು ಇವತ್ತಿನ ಕರ್ನಾಟಕದಲ್ಲಿ ಎತ್ತಲೂ ಬರುವುದಿಲ್ಲ. 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟರೆ ಉಳಿದ ಜಾನುವಾರುಗಳ ವಧೆ ನಿಷಿದ್ಧ. ಮಾಂಸದ ಬೆಲೆ ಹೇಳುವ ಕಷ್ಟ ನಮ್ಮ ದನದ ರೈತನಿಗಿಲ್ಲ. ದುಡಿಯಲಾರದ ಎತ್ತಿಗೆ, ಗಂಡುಕರುವಿಗೆ ಬೆಲೆಯೇ ಇಲ್ಲದಿರುವ ಕಷ್ಟವಿದೆ. ಅದು ಬೇರೆಯದೇ ಬರಹ ಬೇಡುವ ಬೇರೆಯದೇ ಮೌನ.

ಮತ್ತೆ ಆ ಬೆಲೆಪಟ್ಟಿಯ ವಿಷಯಕ್ಕೆ. ಅದರಲ್ಲಿ ಏನಿರಬೇಕೆಂದು ಈ ಕೃತಿಗಳು ಒಟ್ಟಾಗಿ ಹೇಳುತ್ತವೆ. ಮೂರೂ ತೂಕಗಳು ಒಂದರ ಪಕ್ಕ ಒಂದು ಇರಬೇಕು. ಕಸಾಯಿಯ ಕೂಲಿ ಮೊದಲೇ ಬರಬೇಕು. ಕೊನೆಗೆ ಮನೆಗೆ ಬರುವ ಪೌಂಡಿಗೆ ಎಷ್ಟು ಬೀಳುತ್ತದೆಂದು ರೈತನೇ ಹೇಳಬೇಕು, ಕೊಂಡವಳು ಅಡುಗೆಮನೆಯಲ್ಲಿ ಕೂತು ಕಂಡುಹಿಡಿಯುವಂತಾಗಬಾರದು. ಅಂಗಡಿಯ ಬೆಲೆಯಿಂದ ಕಳೆಯುತ್ತಾ ಬರುವ ಬದಲು ಖರ್ಚಿನಿಂದ ಕೂಡುತ್ತಾ ಹೋಗಬೇಕು. ಮೇವಿನ ಸಾಲಿನ ಕೆಳಗೆ ಸಾಕಿದವರ ದುಡಿಮೆಗೆ ಒಂದು ಸಾಲಿರಬೇಕು, ಅದರ ಮುಂದೆ ಒಂದು ಅಂಕಿ ಇರಬೇಕು. ಆ ಅಂಕಿಯನ್ನು ನೋಡಿ ನೆರೆಯವಳು ಇದು ಹೆಚ್ಚಾಯಿತು ಎನ್ನಬಹುದು. ಎನ್ನಲಿ, ಆಗ ಇಬ್ಬರೂ ಮಾತಾಡುತ್ತಿರುವುದು ಇಷ್ಟು ದಿನ ಲೆಕ್ಕಕ್ಕೇ ಬಾರದಿದ್ದ ದುಡಿಮೆಯೊಂದರ ಬಗ್ಗೆ.