ಈಡಿನ ಲೆಕ್ಕ: ಕನ್ನಡ ಬೇಟೆ ಕಥನಗಳಲ್ಲಿ ಕೋವಿ ಮತ್ತು ಗುಂಡು

ಕನ್ನಡದ ಬೇಟೆ ಸಾಹಿತ್ಯವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ನಿಂತಿವೆ. ಅದನ್ನು ಸಾಹಸ ಕಥನವೆಂದು ಮೆಚ್ಚುವುದು ಒಂದು. ಪರಿಸರ ಪ್ರಜ್ಞೆಯ ಮುನ್ನುಡಿಯೆಂದು ಒಪ್ಪಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಓದುಗನ ಕಣ್ಣು ಬೇಟೆಗಾರನ ಮೇಲೆ, ಎರಡನೆಯದರಲ್ಲಿ ಪ್ರಾಣಿಯ ಮೇಲೆ ನೆಟ್ಟಿರುತ್ತದೆ. ಇವರಿಬ್ಬರ ನಡುವೆ ಹಾಯ್ದುಹೋಗುವ ಗುಂಡನ್ನು ನಮ್ಮ ವಿಮರ್ಶೆ ಓದಿಲ್ಲ. ಆದರೆ ಬೇಟೆಯ ಕಥೆಯಲ್ಲಿ ತಿರುವು ಬರುವುದೇ ಅಲ್ಲಿ. ಗುಂಡು ತನ್ನ ಕೆಲಸ ಮಾಡಿದರೆ ಕಥೆ ಮುಗಿಯುತ್ತದೆ. ಮಾಡದಿದ್ದರೆ ಗಾಯಗೊಂಡ ಪ್ರಾಣಿಯೊಂದು ಉಳಿದು, ಮುಂದಿನ ಕಥೆಗೆ ಬೀಜವಾಗುತ್ತದೆ. ಆ ಗಾಯಕ್ಕೆ ಯಾರ ಕೋವಿ ಕಾರಣವೆಂದು ಕಥೆಗಾರ ಹೇಳುತ್ತಾನೆ ಎಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಕೆನೆತ್ ಆಂಡರ್ಸನ್, ಅವರನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿ ಮತ್ತು ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈ ಅವರ ಬರಹಗಳ ಹಿನ್ನೆಲೆಯಲ್ಲಿ ಪರಿಶೀಲಿಸಲಾಗಿದೆ.

ಆಂಡರ್ಸನ್ (1910-1974) ಬೆಂಗಳೂರಿನವರು. ವಿಮಾನ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದು, ರಜೆ ಸಿಕ್ಕಾಗಲೆಲ್ಲ ಕಾಡಿಗೆ ಹೋಗುತ್ತಿದ್ದವರು. 1954ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕದಿಂದ ಹಿಡಿದು ಮರಣಾನಂತರ ಬಂದ ಪುಸ್ತಕದವರೆಗೂ ಕಥೆಗಳ ಭೂಗೋಳ ನಮಗೆ ಅಪರಿಚಿತವಲ್ಲ. ಒಣಗಿದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಿಂತಿರುವ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವನ್ನು ನಡುವಿನ ಬಿಂದುವಾಗಿ ಇಟ್ಟುಕೊಂಡರೆ, ಜಾಲಹಳ್ಳಿ ಹದಿನೈದು ಕಿಲೋಮೀಟರಿನೊಳಗೆ, ಮಾಗಡಿ ಸುಮಾರು ಐವತ್ತು ಕಿಲೋಮೀಟರಿನಲ್ಲಿ ಸಿಗುತ್ತದೆ. ಹೊಸೂರಿನ ಆಚೆಯ ಜವಳಗಿರಿ, ಗುಮ್ಮಳಾಪುರಗಳಿಗೆ ಹೋಗುವವರೂ ಇಲ್ಲಿಂದಲೇ ಹೊರಡಬಹುದು. ಇಂಗ್ಲಿಷ್ ಓದುಗರಿಗೆ ದೂರದ ಭೀಕರಾರಣ್ಯವಾಗಿ ಕಂಡದ್ದು ಗಾಂಧಿನಗರದ ಅಂಗಡಿಗಳಲ್ಲಿ ಪುಸ್ತಕ ಕೊಂಡ ಕನ್ನಡ ಓದುಗನಿಗೆ ಬಸ್ಸಿನ ಫಲಕದ ಮೇಲಿನ ಹೆಸರಾಗಿತ್ತು. ಈ ಸಾಮೀಪ್ಯವನ್ನು ಮರೆತರೆ ತೇಜಸ್ವಿಯವರ 'ಕಾಡಿನ ಕಥೆಗಳು' ಗಳಿಸಿದ ಜನಪ್ರೀತಿ ಅರ್ಥವಾಗುವುದಿಲ್ಲ.

ಆಂಡರ್ಸನ್ ಕೈಯಲ್ಲಿದ್ದದ್ದು ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲು. ಅವರ ಬರಹದಲ್ಲಿ ಈ ಅಂಕಿ ಒಂದು ಪಾತ್ರದ ಹೆಸರಿನಂತೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೊಂದು ಆಫ್ರಿಕದ ಪೂರ್ವಚರಿತ್ರೆಯಿದೆ. 1904ರಲ್ಲಿ ಬಳಕೆಗೆ ಬಂದ ಈ ತೋಟಾವನ್ನು ಲೋಕಪ್ರಸಿದ್ಧಗೊಳಿಸಿದವರು ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್. 1909-10ರ ಪೂರ್ವ ಆಫ್ರಿಕದ ಬೇಟೆಯಾತ್ರೆಯಲ್ಲಿ ಅವರು ಸಿಂಹಗಳಿಗೆ ಇದನ್ನೇ ನೆಚ್ಚಿದರು. 1910ರ ಪ್ರವಾಸ ಗ್ರಂಥದಲ್ಲಿ ಹೊಗಳಿದರು. ಆದರೆ ಆನೆ, ಖಡ್ಗಮೃಗಗಳಿಗೆಂದು ಅವರ ಬಳಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ತಯಾರಿಸಿದ ಜೋಡುನಳಿಗೆಯ ರೈಫಲೊಂದು ಬೇರೆಯಾಗಿಯೇ ಇತ್ತು ಎಂಬುದನ್ನು ಹೊಗಳಿಕೆಯ ಭರದಲ್ಲಿ ಅನೇಕರು ಮರೆಯುತ್ತಾರೆ.

ಈ ವ್ಯತ್ಯಾಸ ಏಕೆ? .405ರ ಗುಂಡಿನ ತೂಕ 300 ಗ್ರೇನು, ಅಂದರೆ ಸುಮಾರು 19.4 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 2,200 ಅಡಿ, ಅಡ್ಡಳತೆ 10.4 ಮಿಲಿಮೀಟರ್. 1912ರಲ್ಲಿ ಬಂದ .375 ಮ್ಯಾಗ್ನಮ್ ರೈಫಲಿನ ಗುಂಡೂ 300 ಗ್ರೇನಿನದೇ, ಆದರೆ ಅಡ್ಡಳತೆ 9.5 ಮಿಲಿಮೀಟರ್. ತೂಕ ಒಂದೇ ಆಗಿದ್ದು ಅಡ್ಡಳತೆ ಕಡಿಮೆಯಾದರೆ ಗುಂಡು ಉದ್ದವಾಗುತ್ತದೆ. ಉದ್ದವಾದ ಗುಂಡು ತನ್ನ ತೂಕವನ್ನೆಲ್ಲ ಕಿರಿದಾದ ದಾರಿಯ ಹಿಂದೆ ಇಟ್ಟುಕೊಂಡು ಆಳಕ್ಕೆ ಇಳಿಯುತ್ತದೆ. ದಪ್ಪನೆಯ ಗಿಡ್ಡ ಗುಂಡು ಬೇಗ ನಿಂತುಬಿಡುತ್ತದೆ. ತೂಕವನ್ನು ಅಡ್ಡಳತೆಯ ವರ್ಗದಿಂದ ಭಾಗಿಸಿ ನೋಡಿದರೆ .375ಕ್ಕೆ 0.305, .405ಕ್ಕೆ 0.254ರಷ್ಟು ಬರುತ್ತದೆ. ತೆಳು ಚರ್ಮದ, ಮೃದು ಮೈಯ ಸಿಂಹ, ಹುಲಿ, ಚಿರತೆಗಳಿಗೆ ಎರಡನೆಯದು ಧಾರಾಳವಾಗಿ ಸಾಕು. ಕಾಟಿಯ ಭುಜದ ಮೂಳೆಯಾಚೆಗೆ, ಆನೆಯ ತಲೆಬುರುಡೆಯ ಜೇನುಗೂಡಿನಂಥ ಮೂಳೆಯಾಚೆಗೆ ಅದು ತಲುಪೀತೆಂಬ ಭರವಸೆಯಿಲ್ಲ. ಗುಂಡಿನ ಮೂತಿಯೂ ಮುಖ್ಯ. ತುದಿಯಲ್ಲಿ ಸೀಸ ಬಿಟ್ಟ ಮೆದುಮೂತಿಯ ಗುಂಡು ಒಳಹೊಕ್ಕು ಅಣಬೆಯಂತೆ ಅರಳಿ ಅಗಲವಾದ ಗಾಯ ಮಾಡುತ್ತದೆ. ಪೂರ್ತಿ ಲೋಹದ ಕವಚ ತೊಟ್ಟ ಗಟ್ಟಿ ಗುಂಡು ಅರಳದೆ ನೇರ ಸಾಗುತ್ತದೆ. ಹುಲಿಗೆ ಗಟ್ಟಿ ಗುಂಡು ಹೊಡೆದರೆ ಅದು ಆರುಪಾರಾಗಿ ಹೋಗಿ ಹುಲಿ ಗಾಯದೊಡನೆ ಪೊದೆ ಸೇರಬಹುದು. ಆನೆಗೆ ಮೆದು ಗುಂಡು ಹೊಡೆದರೆ ಅದು ಮೂಳೆಯಲ್ಲೇ ಚಪ್ಪಟೆಯಾಗಬಹುದು. ಮಾಲಿನಲ್ಲಿ ಯಾವ ತೋಟಾ ತುಂಬಿದ್ದಾನೆ ಎಂದು ಬೇಟೆಗಾರ ಹೇಳುವ ಒಂದು ಸಾಲು ಆದಕಾರಣ ಕಥೆಯ ಅಲಂಕಾರವಲ್ಲ, ಮುಂದಿನದರ ಕಾರಣ.

ಗುಂಡಿನ ಸಾಮರ್ಥ್ಯವನ್ನು ಒಂದೇ ಅಂಕಿಯಲ್ಲಿ ಹಿಡಿಯುವ ಪ್ರಯತ್ನವನ್ನು ಆಫ್ರಿಕದ ಬೇಟೆಗಾರ ಜಾನ್ ಟೇಲರ್ 1948ರ ತಮ್ಮ ಗ್ರಂಥದಲ್ಲಿ ಮಾಡಿದರು. ಗ್ರೇನುಗಳಲ್ಲಿ ತೂಕ, ಅಡಿಗಳಲ್ಲಿ ವೇಗ, ಅಂಗುಲದಲ್ಲಿ ಅಡ್ಡಳತೆ, ಈ ಮೂರನ್ನೂ ಗುಣಿಸಿ 7,000ದಿಂದ ಭಾಗಿಸುವುದು ಅವರ ಸೂತ್ರ. ಇದರಂತೆ .375ಕ್ಕೆ ಸುಮಾರು 40, .405ಕ್ಕೆ ಸುಮಾರು 39 ಬರುತ್ತದೆ. ಎರಡೂ ಸರಿಸಮ ಎಂದಂತಾಯಿತು. ಆಳಕ್ಕಿಳಿಯುವ ಗುಣ ಲೆಕ್ಕದಿಂದಲೇ ಬಿಟ್ಟುಹೋಯಿತು. ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಸಾವಿರಕ್ಕೂ ಹೆಚ್ಚು ಆನೆಗಳನ್ನು, ಬಹುಪಾಲು .275 ರಿಗ್ಬಿಯ 173 ಗ್ರೇನಿನ ಸಣ್ಣ ಗಟ್ಟಿ ಗುಂಡಿನಿಂದ ಕೊಂದವರು. ಟೇಲರ್ ಸೂತ್ರದಲ್ಲಿ ಆ ರೈಫಲಿಗೆ ದೊರೆಯುವುದು 16 ಮಾತ್ರ. ಬೆಲ್ ಸತ್ತ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ ಮಿದುಳಿನ ನೆಲೆಯನ್ನು ಕಲಿತವರು; ಗುಂಡಿನ ಕೊರತೆಯನ್ನು ಅಂಗರಚನೆಯ ಅರಿವು ತುಂಬಿತ್ತು. ಆ ಸಂಖ್ಯೆಯ ಕ್ರೌರ್ಯವನ್ನು ಯಾವ ಕೌಶಲವೂ ಮುಚ್ಚಲಾರದು ಎಂಬುದು ಬೇರೆ ಮಾತು.

ಮೈಸೂರು ಸೀಮೆಗೆ ಈ ಚರ್ಚೆ ಹೊಸದಲ್ಲ. ಮೈಸೂರು ಸರ್ಕಾರದ ಸೇವೆಯಲ್ಲಿದ್ದು 1870ರ ದಶಕದಲ್ಲಿ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಅವರ 1878ರ ಗ್ರಂಥದಲ್ಲಿ ಆನೆಯ ತಲೆಯ ರಚನೆಯೂ ಭಾರಿ ಕೋವಿಗಳ ತುಲನೆಯೂ ಇವೆ. ಆ ಕಾಲದ ಅಳತೆಯಲ್ಲಿ 8-ಬೋರ್ ಎಂದರೆ ಒಂದು ಪೌಂಡಿನಲ್ಲಿ ಎಂಟು ಗುಂಡು, 4-ಬೋರ್ ಎಂದರೆ ನಾಲ್ಕೇ. ನೂರ ಹದಿಮೂರು ಗ್ರಾಂ ತೂಗುವ ಸೀಸದ ಉಂಡೆ ಹೊಡೆಯುವವನ ಹೆಗಲನ್ನೂ ಬಿಡುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾರ್ಡೈಟ್ ಬಂದು ಕರಿಮದ್ದಿನ ಈ ಯುಗ ಮುಗಿಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಭಾರತದ ಬ್ರಿಟಿಷ್ ಸರ್ಕಾರ, ಸೇನೆಯ ಹಳೆಯ ಬಂದೂಕುಗಳಿಗೆ ಗುಂಡು ಸಿಕ್ಕೀತೆಂಬ ಭಯದಿಂದ .450 ಅಳತೆಯನ್ನು ನಿಷೇಧಿಸಿತು. ಅದರ ಸ್ಥಾನ ತುಂಬಲೆಂದೇ .465, .470, .475 ಮುಂತಾದವು ಹುಟ್ಟಿದವು. ಆಫ್ರಿಕದ ಬೇಟೆಗಾರರು ಮುಂದೆ ಹೆಮ್ಮೆಯಿಂದ ಹಿಡಿದ ರೈಫಲುಗಳ ಅಳತೆಯನ್ನು ನಿರ್ಧರಿಸಿದ್ದು ಭಾರತದ ಪ್ರಜೆಯ ಕೈಗೆ ಆಯುಧ ಸಿಗಬಾರದೆಂಬ ಕಾನೂನು.

ಕೋವಿ ಯಾರ ಕೈಯಲ್ಲಿರಬೇಕು ಎಂಬ ಈ ಪ್ರಶ್ನೆಯೇ ಆಂಡರ್ಸನ್ ಕಥೆಗಳ ಅಡಿಯಲ್ಲೂ ಇದೆ. ಹುಲಿಯಾಗಲಿ ಚಿರತೆಯಾಗಲಿ ನರಭಕ್ಷಕವಾಗಲು ಗಾಯವೇ ಪ್ರಧಾನ ಕಾರಣವೆಂದು ಅವರೂ, ಅವರಿಗಿಂತ ಮೊದಲು ಜಿಮ್ ಕಾರ್ಬೆಟ್ಟರೂ ವಿವರಿಸಿದ್ದಾರೆ. ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಬದಿಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ವಿವರಣೆ ಸಮರ್ಪಕವಾದದ್ದೇ. ಆದರೆ ಆಂಡರ್ಸನ್ ಕಥನದಲ್ಲಿ ಆ ಮೊದಲ ಗಾಯ ಅನೇಕ ವೇಳೆ ಹೆಸರಿಲ್ಲದ ಹಳ್ಳಿಗನೊಬ್ಬನ ನಾಡಕೋವಿಯದು. ಕೊನೆಯ ಗುಂಡು ಲೇಖಕರ.405ರದು. ನಗರದಿಂದ ಕಾರಿನಲ್ಲಿ ಬಂದು ದೀಪದ ಬೆಳಕಿನಲ್ಲಿ ಸುಟ್ಟುಹೋಗುವವರನ್ನೂ ಅವರು ಖಂಡಿಸಿದ್ದಾರೆ ನಿಜ. ಆದರೂ ತಮ್ಮದೇ ಗುಂಡು ತಪ್ಪಿ ಪ್ರಾಣಿ ಗಾಯಗೊಂಡಾಗ ಅದು ಕತ್ತಲೆಯ, ಪೊದೆಯ, ದುರದೃಷ್ಟದ ಕೆಲಸವಾಗುತ್ತದೆ. ಹಳ್ಳಿಗನದು ತಪ್ಪಿದಾಗ ಅಜ್ಞಾನದ, ಕಳ್ಳಬೇಟೆಯ ಫಲವಾಗುತ್ತದೆ. ಹೆಗಲಿಗೆ ರೈಫಲ್ ಏರಿಸಿದವನಿಗೂ ಸೊಂಟಕ್ಕೆ ಮದ್ದಿನ ಕೊಂಬು ಕಟ್ಟಿದವನಿಗೂ ಕಥನ ಎರಡು ನ್ಯಾಯಗಳನ್ನು ಇಟ್ಟಿದೆ.

ನಾಡಕೋವಿಯ ಸ್ಥಿತಿಯನ್ನಾದರೂ ನೋಡಬೇಕು. ನಳಿಗೆಯ ಬಾಯಿಂದ ಅಂದಾಜಿನ ಮದ್ದು ಸುರಿದು, ನಾರಿನ ಉಂಡೆ ಇಟ್ಟು, ಗಜದಿಂದ ಜಡಿದು, ಗುಂಡು ಅಥವಾ ಚರೆ ಹಾಕಿ, ಮತ್ತೆ ಜಡಿದು, ಕೇಪು ಕೂರಿಸಬೇಕು. ಮಲೆನಾಡಿನ ಮಳೆಗೆ ಕೇಪು ಥಂಡಿ ಹಿಡಿದರೆ ಕೇಳುವುದು ಬರಿಯ ಟಿಕ್ ಶಬ್ದ. ದುಂಡನೆಯ ಸೀಸದ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಎರಡನೆಯ ಈಡು ತುಂಬುವುದರೊಳಗೆ ಹಂದಿ ಎಲ್ಲೋ, ಹೊಡೆದವನು ಎಲ್ಲೋ. ಇಂಥ ಕೋವಿಯಿಂದ ಗಾಯಗಳು ಹೆಚ್ಚಾಗುವುದು ಸಹಜವೇ. ಆದರೆ ಪರವಾನಗಿಯ ಕಾನೂನು, ತೋಟಾದ ಬೆಲೆ ಇವೆರಡೂ ಸೇರಿ ರೈತನನ್ನು ಆ ಕೋವಿಗೇ ಕಟ್ಟಿಹಾಕಿದ್ದವು. ಗದ್ದೆ ಕಾಯುವ ಹೊಣೆ ಮಾತ್ರ ಅವನದೇ.

ಈ ಒಳಗಿನ ನೋಟ ಸಿಗುವುದು ಕೆದಂಬಾಡಿ ಜತ್ತಪ್ಪ ರೈಯವರ 'ಬೇಟೆಯ ನೆನಪುಗಳು' ಮತ್ತು 'ಈಡೊಂದು ಹುಲಿಯೆರಡು' ಕೃತಿಗಳಲ್ಲಿ. ಎರಡನೆಯದರ ಹೆಸರನ್ನೇ ಗಮನಿಸಬೇಕು. ಮ್ಯಾಗಜೀನಿನಲ್ಲಿ ತೋಟಾಗಳನ್ನು ಸಾಲಾಗಿ ತುಂಬಿಕೊಂಡವನು ಹುಲಿಗಳನ್ನು ಎಣಿಸಿಯಾನು, ಈಡನ್ನಲ್ಲ. ಒಂದೊಂದು ಈಡಿಗೂ ಬೆಲೆಯಿರುವ ಲೋಕದಲ್ಲಿ ಮಾತ್ರ ಇಂಥ ಶೀರ್ಷಿಕೆ ಹುಟ್ಟುತ್ತದೆ. 'ಈಡು' ಎಂಬ ಮಾತಿನಲ್ಲಿ ಒಮ್ಮೆಗೆ ತುಂಬುವ ಮದ್ದುಗುಂಡು, ಹೊಡೆತ, ಅದರ ಶಬ್ದ ಎಲ್ಲವೂ ಅಡಕವಾಗಿವೆ. ಇಂಗ್ಲಿಷಿನ ಯಾವ ಒಂದು ಪದಕ್ಕೂ ಇದು ಸರಿಹೊಂದುವುದಿಲ್ಲ. ಜತ್ತಪ್ಪ ರೈಯವರ ಬೇಟೆ ಒಬ್ಬಂಟಿ ನಾಯಕನದಲ್ಲ, ಊರಿನದು. ಬಿಲ್ಲಿಗೆ ನಿಂತವರು, ಸೋವುವವರು, ನಾಯಿಗಳು, ಪಾಲು ಹಂಚುವ ಕಟ್ಟಳೆ ಎಲ್ಲವೂ ಸೇರಿದ ವ್ಯವಸ್ಥೆಯಲ್ಲಿ ತಪ್ಪಿದ ಈಡಿಗೆ ಹೊಡೆದವನು ಊರ ಮುಂದೆ ಉತ್ತರ ಹೇಳಬೇಕಾಗುತ್ತದೆ. ಅಟ್ಟಣೆಯ ಮೇಲೆ ಒಬ್ಬನೇ ಕುಳಿತವನಿಗೆ ಈ ಹಂಗು ಇಲ್ಲ. ಅವನ ಕಥೆಗೆ ಅವನೇ ಸಾಕ್ಷಿ.

ತೇಜಸ್ವಿಯವರ ಕೆಲಸವನ್ನು ಇವೆರಡರ ನಡುವೆ ಇಟ್ಟು ನೋಡುವುದು ಉಚಿತ. ನಾಲ್ಕು ಭಾಗಗಳ 'ಕಾಡಿನ ಕಥೆಗಳು' ಭಾವಾನುವಾದ. ಮೂರನೆಯ ಭಾಗಕ್ಕೆ ಅವರು ಕೊಟ್ಟ ಹೆಸರು 'ಜಾಲಹಳ್ಳಿಯ ಕುರ್ಕ'. ಕುರ್ಕ ಎಂಬುದು ಮಲೆನಾಡಿನ ಮಾತು. ಬೆಂಗಳೂರಿನ ಅಂಚಿನ ಚಿರತೆಗೆ ಮೂಡಿಗೆರೆಯ ಕಡೆಯ ಹೆಸರಿಟ್ಟ ಈ ಒಂದು ಆಯ್ಕೆಯಿಂದ ಕಥನದ ದನಿಯೇ ಸ್ಥಳಾಂತರಗೊಂಡಿದೆ. ಕಾರ್ಖಾನೆಯ ಅಧಿಕಾರಿಯೊಬ್ಬ ಕನ್ನಡದಲ್ಲಿ ಕೋವಿ ಹಿಡಿದ ರೈತನಂತೆ ಮಾತನಾಡತೊಡಗುತ್ತಾನೆ. ಸ್ವತಃ ಕೋವಿ ಹಿಡಿದು ಕಾಡು ಸುತ್ತಿದ್ದ ತೇಜಸ್ವಿಯವರಿಗೆ ಇದು ಸುಲಭವಾಗಿ ಒಲಿದಿದೆ. ಓದುವ ಸುಖ ಮೂಲಕ್ಕಿಂತ ಒಂದು ಕೈ ಹೆಚ್ಚೇ. ಆದರೆ ಇದರಿಂದ ಒಂದು ನಷ್ಟವೂ ಆಗಿದೆ. ಮೂಲದಲ್ಲಿ ಎದ್ದು ಕಾಣುತ್ತಿದ್ದ, .405ಕ್ಕೂ ನಾಡಕೋವಿಗೂ ನಡುವಣ ಅಂತರ ಕನ್ನಡದ ಹದವಾದ ಆಡುಮಾತಿನಲ್ಲಿ ಮಸುಕಾಗುತ್ತದೆ. ಇಂಗ್ಲಿಷಿನಲ್ಲಿ ಸಾಹೇಬನ ಅಭಿಪ್ರಾಯವಾಗಿದ್ದದ್ದು ಕನ್ನಡದಲ್ಲಿ ಊರಿನವನದೇ ಒಪ್ಪಿಗೆಯಂತೆ ಕೇಳಿಸುತ್ತದೆ. ಹಳ್ಳಿಗನ ಮೇಲಿನ ಆರೋಪವನ್ನು ನಾವು ನಮ್ಮದೇ ದನಿಯಲ್ಲಿ ಓದಿ ತಲೆದೂಗಿದ್ದೇವೆ. 'ಪರಿಸರದ ಕತೆ'ಯಲ್ಲಿ ಮಾರನಂಥವರನ್ನು ಅಷ್ಟು ನಿಕಟವಾಗಿ, ನಗುತ್ತಲೇ ಗೌರವಿಸಿದ ಲೇಖಕರೇ ಅನುವಾದದಲ್ಲಿ ಈ ಪಕ್ಷಪಾತವನ್ನು ಹಾಗೆಯೇ ಸಾಗಬಿಟ್ಟಿರುವುದು ಯೋಚಿಸಬೇಕಾದ ಸಂಗತಿ. ಸಂಶೋಧಕರು ಮೂಲ ಮತ್ತು ಅನುವಾದಗಳನ್ನು ಅಕ್ಕಪಕ್ಕ ಇಟ್ಟು, ಆಯುಧದ ಹೆಸರು ಬರುವ ಪ್ರತಿಯೊಂದು ಸ್ಥಳವನ್ನೂ ಗುರುತಿಸಿದರೆ ಚಿತ್ರ ಇನ್ನಷ್ಟು ಖಚಿತವಾದೀತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಈ ಸಾಹಿತ್ಯ ಗತಕಾಲದ ದಾಖಲೆಯಾಯಿತು. ಗುಂಡಿನ ಓದು ಮಾತ್ರ ಗತಕಾಲಕ್ಕೆ ಸೇರಲಿಲ್ಲ. 2018ರ ನವೆಂಬರಿನಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಅವನಿ ಎಂಬ ಹೆಣ್ಣುಹುಲಿಯನ್ನು ಕೊಂದಾಗ, ಗುಂಡು ಮೈಯನ್ನು ಹೊಕ್ಕ ದಿಕ್ಕು ಯಾವುದು, ಹುಲಿ ಎದುರಾಗಿ ಬರುತ್ತಿತ್ತೇ ಎಂಬುದೇ ವಿವಾದದ ಕೇಂದ್ರವಾಯಿತು. ಅದರ ಮರುವರ್ಷ, 2019ರ ಅಕ್ಟೋಬರಿನಲ್ಲಿ, ಬಂಡೀಪುರದ ಅಂಚಿನ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇಬ್ಬರನ್ನು ಕೊಂದಿದ್ದ ಹುಲಿಯನ್ನು ಅರಿವಳಿಕೆಯ ಚುಚ್ಚುಮದ್ದಿನಿಂದ ಜೀವಂತ ಹಿಡಿಯಲಾಯಿತು. ಒಂದು ಕಡೆ ಶವಪರೀಕ್ಷೆಯ ವರದಿ, ಇನ್ನೊಂದು ಕಡೆ ಮದ್ದಿನ ಪ್ರಮಾಣ ಮತ್ತು ಹೊಡೆತದ ದೂರ: ಆಂಡರ್ಸನ್ ಅಟ್ಟಣೆಯ ಮೇಲೆ ಒಬ್ಬರೇ ಕುಳಿತು ಬರೆದುಕೊಂಡ ವಿವರಗಳನ್ನು ಈಗ ಪಶುವೈದ್ಯರು ಸರ್ಕಾರಿ ಕಡತಗಳಲ್ಲಿ ಬರೆಯುತ್ತಾರೆ, ಅವನ್ನು ಬೇರೆಯವರೂ ತೆರೆದು ಓದಬಹುದು.