ಮಂದಣ್ಣ ಕಂಡದ್ದು, ವರದಿ ಎಣಿಸಿದ್ದು

ನಮ್ಮ ಓದುಬಳಗದಲ್ಲಿ ಈಚೆಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಚರ್ಚೆಗೆ ಬಂದಿತ್ತು. ಮಾತು ಹಾರುವ ಓತಿಯ ಸುತ್ತ ಸುತ್ತುತ್ತಿರುವಾಗ ಬಿ.ಎ. ಓದುವ ಹುಡುಗಿಯೊಬ್ಬಳು ಎದ್ದು ನಿಂತು, “ಮೇಷ್ಟ್ರೇ, 1970ರಿಂದ ಈಚೆಗೆ ಪ್ರಪಂಚದ ಕಾಡುಪ್ರಾಣಿಗಳಲ್ಲಿ ಶೇ. 73ರಷ್ಟು ಸತ್ತುಹೋಗಿವೆಯಂತೆ. ಇನ್ನು ಓತಿ ಹುಡುಕಿ ಏನು ಪ್ರಯೋಜನ?” ಎಂದಳು. ಸಭೆ ಮೌನವಾಯಿತು. ನಾನೂ ಆ ಹೊತ್ತಿಗೆ ಉತ್ತರ ಕೊಡಲಿಲ್ಲ. ಮನೆಗೆ ಬಂದು ಆ ಸಂಖ್ಯೆ ಇರುವ ವರದಿಯನ್ನೂ ಕಾದಂಬರಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಎರಡನ್ನೂ ನಾವು ತಪ್ಪಾಗಿ ಓದುತ್ತಿದ್ದೇವೆ ಅನ್ನಿಸಿತು.

ಮೊದಲು ಸಂಖ್ಯೆ. ಡಬ್ಲ್ಯೂಡಬ್ಲ್ಯೂಎಫ್ ಸಂಸ್ಥೆಯ 2024ರ ‘ಲಿವಿಂಗ್ ಪ್ಲಾನೆಟ್’ ವರದಿ 5,495 ಪ್ರಭೇದಗಳಿಗೆ ಸೇರಿದ ಸುಮಾರು 35,000 ಪ್ರಾಣಿಸಮುದಾಯಗಳನ್ನು ಲೆಕ್ಕಕ್ಕೆ ಹಿಡಿದಿದೆ. ಒಂದು ಹೊಳೆಯ ಮೀನುಗಳು, ಒಂದು ಗುಡ್ಡದ ಕಪ್ಪೆಗಳು, ಹೀಗೆ ಒಂದೊಂದು ಒಂದು ಸಮುದಾಯ. 1970 ಮತ್ತು 2020ರ ನಡುವೆ ಈ ಸಮುದಾಯಗಳ ಗಾತ್ರ ಸರಾಸರಿ ಶೇ. 73ರಷ್ಟು ಕುಗ್ಗಿದೆ ಎನ್ನುವುದು ಅದರ ಮಾತು. ‘ಶೇ. 73 ಪ್ರಾಣಿಗಳು ಸತ್ತವು’ ಎಂದು ಅದು ಹೇಳುವುದಿಲ್ಲ.

ವ್ಯತ್ಯಾಸ ಸಣ್ಣದಲ್ಲ. ಒಂದು ಹೊಂಡದಲ್ಲಿ ಹತ್ತು ಕಪ್ಪೆಗಳಿದ್ದವು, ಈಗ ಒಂದೇ ಉಳಿದಿದೆ ಎಂದುಕೊಳ್ಳಿ. ಪಕ್ಕದ ಕೆರೆಯಲ್ಲಿ ಸಾವಿರ ನೀರುಕಾಗೆಗಳಿದ್ದವು, ಈಗಲೂ ಸಾವಿರವೇ ಇವೆ. ತಲೆ ಎಣಿಸಿದರೆ 1,010 ಇದ್ದದ್ದು 1,001 ಆಗಿದೆ, ನಷ್ಟ ಶೇ. ಒಂದಕ್ಕಿಂತ ಕಡಿಮೆ. ಆದರೆ ಹೊಂಡಕ್ಕೂ ಕೆರೆಗೂ ಸಮಾನ ತೂಕ ಕೊಟ್ಟು, ಈ ಬಗೆಯ ಸೂಚ್ಯಂಕಗಳು ಮಾಡುವಂತೆ ಅನುಪಾತಗಳ ಸರಾಸರಿ ತೆಗೆದರೆ ಇಳಿಕೆ ಸುಮಾರು ಶೇ. 68! ಎರಡೂ ಲೆಕ್ಕ ಸರಿಯೇ. ಒಂದು ಕಪ್ಪೆಗಳ ದುರಂತವನ್ನು ಮರೆಸುತ್ತದೆ, ಇನ್ನೊಂದು ಅದನ್ನು ಎತ್ತಿ ತೋರಿಸುತ್ತದೆ. ಅಂದರೆ ಸಂಖ್ಯೆಗೂ ಒಬ್ಬ ನಿರೂಪಕನಿದ್ದಾನೆ. ಕತೆ ಓದುವಾಗ ‘ಇದನ್ನು ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ’ ಎಂದು ಕೇಳುವ ನಾವು ಸಂಖ್ಯೆಯ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ.

1980ರಲ್ಲಿ ಬಂದ ‘ಕರ್ವಾಲೊ’ದ ಜೀವಾಳ ಇದೇ ಪ್ರಶ್ನೆ. ಓತಿಯನ್ನು ಕಂಡವನು ಮಂದಣ್ಣ. ಊರಿನ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದ ಅಂಡಲೆಯುವವನು. ಕಳ್ಳಭಟ್ಟಿಯ ಕೇಸಿನಲ್ಲಿ ಸಿಕ್ಕಿಬಿದ್ದವನು. ಅವನೊಳಗೆ ಹುಟ್ಟಾ ನಿಸರ್ಗಶಾಸ್ತ್ರಜ್ಞನನ್ನು ಕಂಡವರು ಕರ್ವಾಲೊ. ನಾವು ಸಾಮಾನ್ಯವಾಗಿ ಇದನ್ನು ‘ಹಳ್ಳಿಯ ತಿಳಿವಳಿಕೆ ದೊಡ್ಡದು’ ಎಂಬ ನೀತಿಯಾಗಿ ಓದಿ ಮುಗಿಸುತ್ತೇವೆ. ನನಗೆ ಅದು ಅರ್ಧ ಓದು ಅನ್ನಿಸುತ್ತದೆ. ಕರ್ವಾಲೊ ಮಂದಣ್ಣನನ್ನು ನಂಬಿದರು ನಿಜ, ಆದರೆ ನಂಬಿ ಸುಮ್ಮನೆ ಕೂರಲಿಲ್ಲ. ಫೋಟೋಗ್ರಾಫರ್ ಪ್ರಭಾಕರನನ್ನೂ ಕಟ್ಟಿಕೊಂಡು ಕಾಡು ಹೊಕ್ಕರು. ಕಂಡವನ ಮಾತಿಗೆ ಗೌರವ ಕೊಡುವುದು, ಹೋಗಿ ನೋಡುವುದು, ಎರಡೂ ಅಲ್ಲಿ ಒಂದೇ ಕೆಲಸ.

ಹೋಗಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ರಾಜಸ್ಥಾನದ ಸರಿಸ್ಕಾ ಸಾಕ್ಷಿ. ಹೆಜ್ಜೆಗುರುತು ನೋಡಿ ಹುಲಿ ಎಣಿಸುವ ಪದ್ಧತಿಯಲ್ಲಿ ಅಲ್ಲಿ ವರ್ಷವರ್ಷವೂ ಹುಲಿಗಳು ದಾಖಲಾಗುತ್ತಿದ್ದವು. 2005ರ ಹೊತ್ತಿಗೆ ಬಯಲಾದ ಸತ್ಯ ಬೇರೆ: ದಾಖಲೆಯಲ್ಲಿ ಹುಲಿಯಿತ್ತು, ಕಾಡಿನಲ್ಲಿ ಒಂದೂ ಇರಲಿಲ್ಲ. ಈ ಪದ್ಧತಿ ನೆಚ್ಚತಕ್ಕದ್ದಲ್ಲ ಎಂದು ನಮ್ಮವರೇ ಆದ ಉಲ್ಲಾಸ ಕಾರಂತರು ಅದಕ್ಕೂ ಬಹಳ ಮೊದಲೇ ವಾದಿಸಿದ್ದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಆದ್ದರಿಂದ ಕ್ಯಾಮೆರಾ ಕಟ್ಟಿ ಪಟ್ಟೆ ಗುರುತಿಸಿ, ಎಷ್ಟು ಹುಲಿ ಮತ್ತೆ ಮತ್ತೆ ಸಿಕ್ಕವು ಎಂಬುದರಿಂದ ಸಿಗದೇ ಉಳಿದವೆಷ್ಟು ಎಂದು ಅಂದಾಜಿಸುವ ಕ್ರಮವನ್ನು ಅವರು ನಾಗರಹೊಳೆಯಲ್ಲಿ ಬೆಳೆಸಿದರು. ಕಾಣದ್ದನ್ನೂ ಲೆಕ್ಕಕ್ಕೆ ಹಿಡಿಯುವ ಈ ವಿನಯ ನನಗೆ ಬಹಳ ಇಷ್ಟ. ಆದರೆ ಪತ್ರಿಕೆಗೆ ಬರುವ ಹೊತ್ತಿಗೆ ವಿನಯ ಉದುರಿಹೋಗಿರುತ್ತದೆ. 2022ರ ಎಣಿಕೆಯ 3,682 ಒಂದು ಸರಾಸರಿ, ಮೇಲಿನ ಮಿತಿ 3,925. ನಮ್ಮ ನೆನಪಿನಲ್ಲಿ ಮಾತ್ರ ಅಷ್ಟೂ ಹುಲಿಗಳು ಸಾಲಾಗಿ ನಿಂತು ಹಾಜರಿ ಕೊಟ್ಟಂತಿದೆ.

ಇದರ ಇನ್ನೊಂದು ಮಗ್ಗುಲೂ ಇದೆ. ನೀಲಕಂಠ ನಮ್ಮ ರಾಜ್ಯಪಕ್ಷಿ. ಜಾಗತಿಕ ಕೆಂಪುಪಟ್ಟಿಯಲ್ಲಿ ಅದು ಆತಂಕವಿಲ್ಲದ ಹಕ್ಕಿಗಳ ಸಾಲಿನಲ್ಲಿತ್ತು. 2023ರಲ್ಲಿ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಬಂತು. ಸುಮಾರು 30,000 ಪಕ್ಷಿವೀಕ್ಷಕರು ಬರೆದಿಟ್ಟ ಮೂರು ಕೋಟಿ ದಾಖಲೆಗಳೇ ಅದರ ಆಧಾರ. ಇವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದು, ಕಂಡ ಹಕ್ಕಿಯನ್ನೆಲ್ಲ ಫೋನಿನಲ್ಲಿ ಗುರುತು ಹಾಕಿಕೊಂಡವರು. ನೀಲಕಂಠ ದೇಶದಲ್ಲಿ ಗಣನೀಯವಾಗಿ ಕಡಿಮೆಯಾಗಿದೆ, ಅದರ ಜಾಗತಿಕ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕು ಎಂದು ಆ ವರದಿ ಹೇಳಿತು. ಸಾವಿರಾರು ಮಂದಣ್ಣಂದಿರ ಕಣ್ಣು ಜಗತ್ತಿನ ಪಟ್ಟಿಯನ್ನೇ ಪ್ರಶ್ನಿಸಿತು.

ಹಾಗಾದರೆ ‘ಕರ್ವಾಲೊ’ದಲ್ಲಿ ಎಲ್ಲವೂ ಇದೆಯೇ? ಇಲ್ಲ. ನನ್ನದೊಂದು ತಕರಾರಿದೆ. ಕಾದಂಬರಿ ನಮ್ಮನ್ನು ಒಂದೇ ಒಂದು ಅಪೂರ್ವ ಜೀವಿಯ ಬೆನ್ನುಹತ್ತಿಸುತ್ತದೆ. ಒಂದು ಸಲ ಕಂಡರೆ ಸಾಕು, ಜನ್ಮ ಸಾರ್ಥಕ ಎಂಬ ಭಾವ ಹುಟ್ಟಿಸುತ್ತದೆ. ಜೀವಿಗಳು ಉಳಿದಿವೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಒಂದು ಸಲ ಕಂಡರೆ ಸಾಲದು. ಅದೇ ಜಾಗಕ್ಕೆ, ಅದೇ ಕ್ರಮದಲ್ಲಿ, ಬೇಸರವಿಲ್ಲದೆ ವರ್ಷಗಟ್ಟಲೆ ಹೋಗಬೇಕು. ಇಂಥ ಬೇಸರದ ಕೆಲಸ ಕಾದಂಬರಿಗೆ ಒಗ್ಗುವುದು ಕಷ್ಟ. ಅಷ್ಟಕ್ಕೂ ಇದು ಓತಿಯಿಂದಲ್ಲ, ಜೇನಿನಿಂದ ಶುರುವಾಗುವ ಕತೆ. ನಿರೂಪಕನಿಗೆ ಮಂದಣ್ಣ ಪರಿಚಯವಾಗುವುದೇ ಜೇನಿನ ನೆಪದಲ್ಲಿ. ಓತಿ ಬಂದಮೇಲೆ ಓದುಗರು ಜೇನನ್ನು ಮರೆಯುತ್ತೇವೆ. ವಿಚಿತ್ರವೆಂದರೆ ‘ಲಿವಿಂಗ್ ಪ್ಲಾನೆಟ್’ ಸೂಚ್ಯಂಕದಲ್ಲೂ ಹಾಗೆಯೇ: ಬೆನ್ನುಮೂಳೆ ಇರುವ ಪ್ರಾಣಿಗಳಿಗಷ್ಟೇ ಅಲ್ಲಿ ಜಾಗ. ಓತಿಗೆ ಅವಕಾಶವಿದೆ, ಜೇನಿಗಿಲ್ಲ.

ಸಂರಕ್ಷಣೆ ಫಲಿಸಿತೇ ಎಂದು ಕೇಳುವಾಗಲೂ ಇಂಥದೇ ಮರೆವು ನಮ್ಮನ್ನು ಕಾಡುತ್ತದೆ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ದೇಶಗಳು, 2030ರೊಳಗೆ ಭೂಮಿಯ ನೆಲ ಮತ್ತು ಕಡಲಿನ ಶೇ. 30 ಭಾಗವನ್ನು ಸಂರಕ್ಷಿಸುವ ಗುರಿ ಒಪ್ಪಿಕೊಂಡವು. ಒಳ್ಳೆಯದೇ. ಆದರೆ ವಿಸ್ತೀರ್ಣ ಅಳೆಯುವುದು ಸುಲಭ, ಬೇಲಿಯೊಳಗೆ ಏನು ಉಳಿದಿದೆ ಎಂದು ತಿಳಿಯುವುದು ಕಷ್ಟ. ಬೇಲಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವುದು ಇನ್ನೂ ಕಷ್ಟ. ಯಾರೂ ಮುಟ್ಟದ ಕಡಿದಾದ ಬೆಟ್ಟವೊಂದನ್ನು ಅಭಯಾರಣ್ಯವೆಂದು ಸಾರಿ, ಹತ್ತು ವರ್ಷ ಬಿಟ್ಟು ‘ನೋಡಿ, ಕಾಡು ಉಳಿಯಿತು’ ಎಂದರೆ ಉಳಿಸಿದವರು ಯಾರು? ನಾವೋ, ಬೆಟ್ಟದ ಕಡಿದೋ? ಸರಿಸ್ಕಾಕ್ಕೂ ಬೇಲಿಯಿತ್ತು, ಬೋರ್ಡಿತ್ತು, ವಿಸ್ತೀರ್ಣದ ಲೆಕ್ಕವಿತ್ತು.

ಕಾದಂಬರಿಯ ಕೊನೆಯಲ್ಲಿ ಓತಿ ಕೈಗೆ ಸಿಕ್ಕಂತೆಯೇ ಮಾಡಿ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಆ ದೃಶ್ಯವನ್ನು ಅನಂತ, ನಿಗೂಢ ಎಂದೆಲ್ಲ ಪಾಠ ಮಾಡಿದ್ದೇನೆ. ಈ ಸಲ ಬೇರೆಯೇ ಕಂಡಿತು. ಬಂಡೆಯ ಅಂಚಿನಲ್ಲಿ ನಿಂತವರಿಗೆ ತಮ್ಮ ಅಳತೆ ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಿದೆ. ಒಳ್ಳೆಯ ವರದಿಯೂ ತನ್ನ ಅಂಚನ್ನು ತೋರಿಸಬೇಕು: ಇಷ್ಟನ್ನು ಕಂಡೆವು, ಇಲ್ಲಿಂದಾಚೆ ನಮಗೆ ಕಾಣಲಿಲ್ಲ.

ಮಲೆನಾಡಿನ ಅಡಿಕೆತೋಟಗಳಲ್ಲಿ ಹಾರುವ ಓತಿ ಈಗಲೂ ಮರದಿಂದ ಮರಕ್ಕೆ ತೇಲುತ್ತದೆ. ಕಾದಂಬರಿಯ ಯುಗಾಂತರದ ಓತಿಯಲ್ಲ, ನಿತ್ಯದ ಓತಿ. ಮುಂದಿನ ಸಭೆಯಲ್ಲಿ ಆ ಹುಡುಗಿಗೆ ಇದನ್ನೇ ಹೇಳಬೇಕೆಂದಿದ್ದೇನೆ. ಅವಳ ಅಜ್ಜಿಯ ಮನೆ ಕೊಪ್ಪದ ಕಡೆಯಂತೆ. ರಜೆಗೆ ಹೋದಾಗಲೆಲ್ಲ ತೋಟದ ಅದೇ ಸಾಲಿನಲ್ಲಿ ಅದೇ ಹೊತ್ತಿಗೆ ಒಂದು ಗಂಟೆ ನಡೆದು, ಕಂಡದ್ದನ್ನು ಬರೆದಿಡು ಎನ್ನುತ್ತೇನೆ. ಓತಿ ಕಾಣದ ದಿನ ‘ಕಾಣಲಿಲ್ಲ’ ಎಂದೂ ಬರೆದಿಡಬೇಕು. ಆ ಸಾಲು ಬರೆಯದಿದ್ದರೆ ಉಳಿದ ಸಾಲುಗಳಿಗೆ ಅರ್ಥವಿಲ್ಲ.